ಜೆ-1ಗೆ ಎರಡು ವರ್ಷದ ನಿಯಮ ಇದ್ದಾಗ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಯಾವಾಗ ಹಾಕಬೇಕು?

ತುಂಗಾತೀರ (ಪ್ರಶ್ನೆ)

ನಮಸ್ಕಾರ. ನಾನು ಅಮೆರಿಕದ ಪ್ರಜೆ. ನನ್ನ ಹೆಂಡತಿ ಶಿವಮೊಗ್ಗದವರು, 2022ರ ಸೆಪ್ಟೆಂಬರ್‌ನಲ್ಲಿ ಜೆ-1 (ವಿನಿಮಯ ಕಾರ್ಯಕ್ರಮದ ವೀಸಾ) ರಿಸರ್ಚ್ ಸ್ಕಾಲರ್ ಆಗಿ ಬಂದರು. ಮೊದಲ ವರ್ಷ ಭಾರತ ಸರ್ಕಾರದ ವಿದೇಶಿ ಫೆಲೋಶಿಪ್ ಇತ್ತು, ಆಮೇಲಿಂದ ಯೂನಿವರ್ಸಿಟಿಯೇ ಸಂಬಳ ಕೊಡುತ್ತಿದೆ. ಈಗಿನ ಡಿಎಸ್-2019 (ಜೆ-1 ಅವಧಿ, ಹಣದ ಮೂಲ ತೋರಿಸುವ ಪತ್ರ) ಮುಗಿಯುವುದು 2026ರ ಆಗಸ್ಟ್ 31ಕ್ಕೆ. ವೀಸಾದ ಮೇಲೆ ಎರಡು ವರ್ಷದ ನಿಯಮ (ಕಾರ್ಯಕ್ರಮ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು) ಅನ್ವಯಿಸುತ್ತದೆ ಎಂದು ಬರೆದಿದೆ. ಮೊದಲ ಡಿಎಸ್-2019ರ ಕೆಳಗಡೆ ಸರ್ಕಾರಿ ಹಣ, ಸ್ಕಿಲ್ಸ್ ಲಿಸ್ಟ್ (ಸ್ವದೇಶಕ್ಕೆ ಬೇಕಾದ ಪರಿಣತಿಗಳ ಪಟ್ಟಿ) ಎರಡಕ್ಕೂ ಗುರುತು ಹಾಕಿದ್ದಾರೆ.

ನನ್ನ ಪ್ರಶ್ನೆಗಳು:

1. ಸ್ಕಿಲ್ಸ್ ಲಿಸ್ಟ್‌ನಿಂದ ಭಾರತವನ್ನು ತೆಗೆದಿದ್ದಾರೆ, ಇನ್ನು ವೇವರ್ (ನಿಯಮದಿಂದ ವಿನಾಯಿತಿ) ಬೇಕಿಲ್ಲ ಅನ್ನುತ್ತಾರೆ. ನಿಜವೇ?
2. ಐ-130 (ಸಂಗಾತಿಗಾಗಿ ಹಾಕುವ ಅರ್ಜಿ), ಐ-485 (ಅಮೆರಿಕದೊಳಗೇ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಎರಡನ್ನೂ ಒಟ್ಟಿಗೆ ಈಗಲೇ ಹಾಕಬಹುದೇ? ಅಥವಾ ಐ-130 ಮಾತ್ರ ಹಾಕಿ ಕಾಯಬೇಕೇ?
3. ಮನೆಯಲ್ಲಿ ಮದುವೆ ಇದೆ, ಅವರು ಊರಿಗೆ ಹೋಗಿ ಬರಬಹುದೇ? ವೀಸಾ ಅವಧಿ ಮುಗಿದಿದೆ, ಮತ್ತೆ ಸ್ಟಾಂಪಿಂಗ್ ಆಗಬೇಕು.

ಬಯಲುಸೀಮೆ

ಮೊದಲನೆಯದು ಅರ್ಧ ನಿಜ. ಹೊಸ ಸ್ಕಿಲ್ಸ್ ಲಿಸ್ಟ್ 2024ರ ಡಿಸೆಂಬರ್ 9ರಿಂದ ಜಾರಿಗೆ ಬಂತು, ಅದರಲ್ಲಿ ಭಾರತ ಇಲ್ಲ. ಅದು ಹಿಂದಿನವರಿಗೂ ಅನ್ವಯಿಸುತ್ತದೆ: ಬರೀ ಸ್ಕಿಲ್ಸ್ ಲಿಸ್ಟ್ ಕಾರಣಕ್ಕೆ ಸಿಕ್ಕಿಬಿದ್ದಿದ್ದ ಭಾರತೀಯರು ಯಾವ ವರ್ಷ ಬಂದಿದ್ದರೂ ಈಗ ಬಿಡುಗಡೆ. ಆದರೆ ಈ ಎರಡು ವರ್ಷದ ನಿಯಮ, ಅಂದರೆ 212(ಇ) ಕಲಂ, ಅಂಟಿಕೊಳ್ಳಲು ಮೂರು ದಾರಿಗಳಿವೆ. ಒಂದು ಸ್ಕಿಲ್ಸ್ ಲಿಸ್ಟ್, ಇನ್ನೊಂದು ಅಮೆರಿಕ ಅಥವಾ ಸ್ವದೇಶದ ಸರ್ಕಾರದ ಹಣ, ಮತ್ತೊಂದು ವೈದ್ಯರ ರೆಸಿಡೆನ್ಸಿ ತರಬೇತಿ. ಒಂದು ಬಿದ್ದುಹೋದರೆ ಉಳಿದವು ತಾವಾಗಿ ಬೀಳುವುದಿಲ್ಲ. ನಿಮ್ಮ ಮನೆಯವರಿಗೆ ಸ್ಕಿಲ್ಸ್ ಲಿಸ್ಟ್ ಹೋಯಿತು, ಫೆಲೋಶಿಪ್ ಉಳಿಯಿತು. ಆಮೇಲೆ ಯೂನಿವರ್ಸಿಟಿ ಸಂಬಳಕ್ಕೆ ಬದಲಾಗಿದ್ದು ಲೆಕ್ಕಕ್ಕಿಲ್ಲ. ಸರ್ಕಾರದ ಹಣ ಒಂದು ವರ್ಷ ಬಂದಿದ್ದರೂ ನಿಯಮ ಅಂಟಿಕೊಳ್ಳುತ್ತದೆ.

ಹಾಗಾಗಿ ಇಲ್ಲಿಯವರೆಗಿನ ಎಲ್ಲ ಡಿಎಸ್-2019ಗಳನ್ನೂ ಎದುರಿಗಿಟ್ಟುಕೊಂಡು 5ನೇ ಅಂಕಣ ನೋಡಿ. ಯಾರು ಎಷ್ಟು ಡಾಲರ್ ಕೊಟ್ಟರು ಎನ್ನುವುದು ಅಲ್ಲಿ ಸಾಲು ಸಾಲಾಗಿ ಇರುತ್ತದೆ: ಅಮೆರಿಕ ಸರ್ಕಾರದ ಸಂಸ್ಥೆ, ಸ್ವದೇಶದ ಸರ್ಕಾರ, ಪ್ರಾಯೋಜಕ ಸಂಸ್ಥೆ, ಸ್ವಂತ ಹಣ. ವೀಸಾ ಅಧಿಕಾರಿ ಹಾಕಿದ ಗುರುತು ಪ್ರಾಥಮಿಕ ಅಭಿಪ್ರಾಯ ಮಾತ್ರ, ಅದು ತಪ್ಪಿರುವುದೂ ಉಂಟು. ಪ್ರೊಫೆಸರ್ ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಗ್ರಾಂಟ್‌ನಿಂದ ಸಂಬಳ ಕೊಟ್ಟ ಮಾತ್ರಕ್ಕೆ ಅದು ವಿನಿಮಯ ಕಾರ್ಯಕ್ರಮಕ್ಕೆಂದು ಸರ್ಕಾರ ಕೊಟ್ಟ ಹಣ ಆಗುವುದಿಲ್ಲ. ನಿಮ್ಮ ವಿಷಯದಲ್ಲಿ ಅನುಮಾನಕ್ಕೆ ಎಡೆ ಕಡಿಮೆ. ಅನುಮಾನ ಇರುವವರು ಸ್ಟೇಟ್ ಡಿಪಾರ್ಟ್‌ಮೆಂಟ್‌ನ ವೇವರ್ ರಿವ್ಯೂ ವಿಭಾಗಕ್ಕೆ ಅಡ್ವೈಸರಿ ಒಪೀನಿಯನ್ ಕೇಳಿ ಲಿಖಿತ ಉತ್ತರ ತರಿಸಿಕೊಳ್ಳಬೇಕು. ಬರೀ ಸ್ಕಿಲ್ಸ್ ಲಿಸ್ಟ್ ಗುರುತು ಇದ್ದವರಿಗೂ ಆ ಪತ್ರ ಐ-485 ಜೊತೆ ಇಡಲು ಉಪಯೋಗಕ್ಕೆ ಬರುತ್ತದೆ.

ಎರಡನೆಯದು. ಐ-130ಗೆ 212(ಇ) ಅಡ್ಡ ಬರುವುದಿಲ್ಲ. ಅದು ಗಂಡ-ಹೆಂಡತಿ ಸಂಬಂಧವನ್ನು ಸಾಬೀತು ಮಾಡುವ ಅರ್ಜಿ ಅಷ್ಟೆ. ಈ ಕಲಂ ತಡೆಯುವುದು ಎಚ್, ಎಲ್, ಕೆ ವೀಸಾಗಳನ್ನು, ಅಮೆರಿಕದೊಳಗೇ ಬೇರೆ ಸ್ಟೇಟಸ್‌ಗೆ ಬದಲಾಗುವುದನ್ನು, ಮತ್ತು ಕಾಯಂ ವಾಸವನ್ನು. ಕಾಯಂ ವಾಸ ಎಂದರೆ ಇಲ್ಲಿ ಹಾಕುವ ಐ-485 ಕೂಡ, ಭಾರತದಲ್ಲಿ ಪಡೆಯುವ ವಲಸೆ ವೀಸಾ ಕೂಡ. ಅಮೆರಿಕದ ಪ್ರಜೆಯನ್ನು ಮದುವೆಯಾದರೆ ನಿಯಮ ಹೋಗುತ್ತದೆ, ಇಲ್ಲಿ ಮಗು ಹುಟ್ಟಿದರೆ ಹೋಗುತ್ತದೆ ಎನ್ನುವುದೆಲ್ಲ ಸುಳ್ಳು.

ವೇವರ್ ಇಲ್ಲದೆ ಐ-485 ಹಾಕಿದರೆ ತಿರಸ್ಕಾರ ಆಗುತ್ತದೆ, ಕಟ್ಟಿದ 1,440 ಡಾಲರ್ (2024ರ ಏಪ್ರಿಲ್ 1ರ ಶುಲ್ಕಪಟ್ಟಿ) ವಾಪಸ್ ಬರುವುದಿಲ್ಲ. ಅರ್ಜಿ ಸಲ್ಲಿಸಿದ ದಿನವೇ ಅರ್ಹತೆ ಇರಬೇಕು ಎನ್ನುವುದು ನಿಯಮ. ಆಮೇಲೆ ವೇವರ್ ಬಂದರೆ ಸೇರಿಸುತ್ತೇವೆ ಎನ್ನುವ ಲೆಕ್ಕಾಚಾರ ಬೇಡ.

ಈಗ ಸಮಯದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಸ್ಟೇಟ್ ಡಿಪಾರ್ಟ್‌ಮೆಂಟ್ ವೇವರ್‌ಗೆ ಅನುಕೂಲಕರ ಶಿಫಾರಸು ಕೊಟ್ಟ ಮೇಲೆ ಜೆ-1 ಅವಧಿ ವಿಸ್ತರಿಸಲು ಬರುವುದಿಲ್ಲ. ರಿಸರ್ಚ್ ಸ್ಕಾಲರ್‌ಗೆ ಒಟ್ಟು ಐದು ವರ್ಷ ಸಿಗುತ್ತದೆ, ಅಂದರೆ ನಿಮ್ಮ ಮನೆಯವರಿಗೆ 2027ರ ಸೆಪ್ಟೆಂಬರ್ ಹತ್ತಿರದವರೆಗೆ ಅವಕಾಶ ಇದೆ. ಈಗಲೇ ವೇವರ್ ಶುರು ಮಾಡಿ, ಶಿಫಾರಸು ಬೇಗ ಬಂದುಬಿಟ್ಟರೆ 2026ರ ಆಗಸ್ಟ್‌ಗೇ ಬಾಗಿಲು ಮುಚ್ಚುತ್ತದೆ. ಆದ್ದರಿಂದ ನನ್ನ ಸಲಹೆ ಈ ಕ್ರಮದಲ್ಲಿ: ಮೊದಲು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ಕಚೇರಿಯಲ್ಲಿ ಡಿಎಸ್-2019 ಸಾಧ್ಯವಾದಷ್ಟು ದೂರದವರೆಗೆ ವಿಸ್ತರಣೆ, ಅದು ಕೈಗೆ ಬಂದ ಮೇಲೆ ಡಿಎಸ್-3035 (ವೇವರ್ ಅರ್ಜಿ) ಸಲ್ಲಿಕೆ, ವಲಸೆ ಇಲಾಖೆ ಯುಎಸ್‌ಸಿಐಎಸ್‌ನಿಂದ ಐ-612 (ವೇವರ್) ಮಂಜೂರಾದ ಐ-797 ನೋಟಿಸ್ ಬಂದ ಮೇಲೆ ಐ-130, ಐ-485, ಐ-765 (ಕೆಲಸದ ಪರವಾನಗಿ), ಐ-131 (ಪ್ರಯಾಣದ ಅನುಮತಿ) ಎಲ್ಲವೂ ಒಂದೇ ಲಕೋಟೆಯಲ್ಲಿ. ಭಾರತದ ಕಾಗದಪತ್ರ ನಿಧಾನ, ಅದನ್ನು ಮಾತ್ರ ಇವತ್ತೇ ಶುರು ಮಾಡಬಹುದು.

ಐ-130 ಮೊದಲೇ ಹಾಕಿದರೆ ನಿಮಗೆ ಸಿಗುವ ಲಾಭ ಕಡಿಮೆ. ಪ್ರಜೆಯ ಸಂಗಾತಿಗೆ ವೀಸಾ ಸಂಖ್ಯೆಯ ಸರದಿಯೇ ಇಲ್ಲ. ನಷ್ಟ ಮಾತ್ರ ಖಚಿತ: ಜೆ-1ಗೆ ಕೆಲಸದ ವೀಸಾ ಎಚ್-1ಬಿಯಂತೆ ಎರಡು ಉದ್ದೇಶ (ತಾತ್ಕಾಲಿಕವಾಗಿ ಬರುವುದು, ಕಾಯಂ ನೆಲೆಸುವುದು) ಇಟ್ಟುಕೊಳ್ಳುವ ಅನುಕೂಲ ಇಲ್ಲ. ಮುಂದೆ ಸ್ಟಾಂಪಿಂಗ್‌ಗೆ ಹೋದಾಗ, ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂದು ವೀಸಾ ಅರ್ಜಿ ಡಿಎಸ್-160 ನೇರವಾಗಿ ಕೇಳುತ್ತದೆ.

ಮುಂಗಾರು

ಭಾರತದ ಕಡೆಯ ಕಾಗದದ ಬಗ್ಗೆ ಸ್ವಲ್ಪ ವಿವರ. ಇವರಿಗೆ ಹೊಂದುವುದು ನೋ ಆಬ್ಜೆಕ್ಷನ್ ದಾರಿ. ಹಣ ಕೊಟ್ಟಿದ್ದು ಭಾರತ ಸರ್ಕಾರ, ಆ ಸರ್ಕಾರವೇ ತನ್ನ ಅಭ್ಯಂತರ ಇಲ್ಲ ಎಂದರೆ ಸ್ಟೇಟ್ ಡಿಪಾರ್ಟ್‌ಮೆಂಟ್ ಒಪ್ಪುವ ಸಾಧ್ಯತೆ ಚೆನ್ನಾಗಿದೆ. ಫುಲ್‌ಬ್ರೈಟ್‌ನಂತೆ ಅಮೆರಿಕದ ಹಣ ಬಂದಿದ್ದರೆ ಈ ದಾರಿ ಬಹಳ ಕಷ್ಟ.

ಡಿಎಸ್-3035 ಆನ್‌ಲೈನ್‌ನಲ್ಲಿ ತುಂಬಿದ ಕೂಡಲೇ ಕೇಸ್ ನಂಬರ್ ಮತ್ತು ಬಾರ್‌ಕೋಡ್ ಹಾಳೆ ಸಿಗುತ್ತದೆ. ಶುಲ್ಕ 120 ಡಾಲರ್. ಮುದ್ರಿಸಿದ ಅರ್ಜಿ, ಎಲ್ಲ ಡಿಎಸ್-2019 ಪ್ರತಿಗಳು, ಪಾಸ್‌ಪೋರ್ಟಿನ ವಿವರ ಪುಟ, ಏಕೆ ವೇವರ್ ಬೇಕು ಎಂಬ ಹೇಳಿಕೆ, ಸ್ವಂತ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಎರಡು ಲಕೋಟೆ ಸೇರಿಸಿ ಅಂಚೆಯಲ್ಲಿ ಕಳಿಸಬೇಕು. ಆ ಕೇಸ್ ನಂಬರ್ ರಾಯಭಾರ ಕಚೇರಿಯ ಪತ್ರದಲ್ಲೂ ಇರಬೇಕಾದ್ದರಿಂದ ಅದನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ನಂಬರ್ ತೆಗೆದುಕೊಂಡ ಮಾತ್ರಕ್ಕೆ ಶಿಫಾರಸು ಬಂದುಬಿಡುವುದಿಲ್ಲ, ಮೇಲಿನವರು ಹೇಳಿದ ವಿಸ್ತರಣೆಗೆ ಅದರಿಂದ ತೊಂದರೆ ಇಲ್ಲ.

ಭಾರತದಲ್ಲಿ ಬೇಕಾಗುವುದಕ್ಕೆ ಎಲ್ಲರೂ ನೋರಿ ಎನ್ನುತ್ತಾರೆ, ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ ಎಂಬ ಪ್ರಮಾಣಪತ್ರ. ಮೂರು ಕಡೆಯಿಂದ ಒಪ್ಪಿಗೆ ಬರಬೇಕು: ದೆಹಲಿಯ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಇಲಾಖೆ (ವೈದ್ಯರಾದರೆ ಆರೋಗ್ಯ ಸಚಿವಾಲಯ), ಕೊನೆಯದಾಗಿ ವಾಸವಿದ್ದ ರಾಜ್ಯದ ಸರ್ಕಾರ, ಪಾಸ್‌ಪೋರ್ಟ್ ಕೊಟ್ಟ ಕಚೇರಿ. ಮೂರನ್ನೂ ಒಂದೇ ವಾರದಲ್ಲಿ ಶುರು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ಎಂದು ಕೂರಬೇಡಿ. ಅರ್ಜಿದಾರರ ಪ್ರಮಾಣಪತ್ರವನ್ನು ಇಲ್ಲಿನ ಭಾರತೀಯ ಕಾನ್ಸುಲೇಟ್‌ನಿಂದ ದೃಢೀಕರಿಸಿ, ಬೆಂಗಳೂರಿನಲ್ಲಿ ಓಡಾಡಲು ತಂದೆಗೋ ಅಣ್ಣನಿಗೋ ಅಧಿಕಾರಪತ್ರ ಬರೆದುಕೊಟ್ಟರೆ ಕೆಲಸ ಹಗುರ. ರಾಜ್ಯದ ಕಡತ ಟೇಬಲ್ ಮೇಲೆ ನಿಂತಾಗ ಇಲ್ಲಿಂದ ಇಮೇಲ್ ಕಳಿಸುವುದಕ್ಕಿಂತ, ಅಲ್ಲಿ ಒಬ್ಬರು ಸ್ವೀಕೃತಿ ಸಂಖ್ಯೆ ಹಿಡಿದು ಹೋಗಿ ವಿಚಾರಿಸುವುದು ಫಲ ಕೊಡುತ್ತದೆ.

ಕಡತ ವಾಪಸ್ ಬರುವುದು ಸಾಮಾನ್ಯವಾಗಿ ಹೆಸರಿನಿಂದ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದ ತಂದೆಯ ಹೆಸರು ಅಥವಾ ಊರಿನ ಹೆಸರು, ಡಿಎಸ್-2019ರಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆಯವರಲ್ಲಿ ಇದು ತೀರಾ ಸಾಮಾನ್ಯ. ಎಲ್ಲ ಕಡೆಯೂ ಈಗಿನ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಯಿರಿ, ಬೇರೆ ರೂಪ ಇರುವ ದಾಖಲೆಗೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೋಡಿಸಿ. ಮದುವೆಯಾದ ಮೇಲೆ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸುವ ಯೋಚನೆ ಇದ್ದರೆ ಈ ಕೆಲಸ ಮುಗಿಯುವವರೆಗೆ ಮುಂದೂಡಿ.

ಇನ್ನೊಂದು ಮುಖ್ಯ ಮಾತು. ಫೆಲೋಶಿಪ್ ತೆಗೆದುಕೊಳ್ಳುವಾಗ ಮರಳಿ ಬಂದು ಇಂತಿಷ್ಟು ವರ್ಷ ಸೇವೆ ಮಾಡುತ್ತೇನೆ ಎಂದು ಬಾಂಡ್ ಬರೆದುಕೊಟ್ಟಿದ್ದಾರೆಯೇ ನೋಡಿ. ಬರೆದಿದ್ದರೆ ಹಣ ಕೊಟ್ಟ ಸಂಸ್ಥೆಯ ಜೊತೆ ಅದನ್ನು ಬಗೆಹರಿಸಿ, ಬಾಕಿ ಇಲ್ಲ ಎಂಬ ಪತ್ರ ಪಡೆದೇ ನೋರಿಗೆ ಹೋಗಿ. ಬಾಧ್ಯತೆ ಬಾಕಿ ಇರುವಾಗ ಬಾಧ್ಯತೆ ಇಲ್ಲ ಎಂದು ಪ್ರಮಾಣ ಮಾಡುವುದು ತಪ್ಪು.

ಕೊನೆಗೆ ರಾಯಭಾರ ಕಚೇರಿಯ ನೋ ಆಬ್ಜೆಕ್ಷನ್ ಪತ್ರ ಅಲ್ಲಿಂದಲೇ ನೇರವಾಗಿ ಸ್ಟೇಟ್ ಡಿಪಾರ್ಟ್‌ಮೆಂಟ್‌ಗೆ ಹೋಗಬೇಕು. ನೀವು ಪ್ರತಿ ಪಡೆದು ಅಂಚೆಗೆ ಹಾಕಿದರೆ ಅದನ್ನು ಪರಿಗಣಿಸುವುದಿಲ್ಲ.

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ಬಾಂಡ್ ಇಲ್ಲ, ಪತ್ರ ನೋಡಿ ಖಚಿತ ಮಾಡಿಕೊಂಡೆ. ಊರಿಗೆ ಹೋಗುವ ವಿಷಯ? ಮತ್ತೆ, ನೋರಿ ತಡವಾಗಿ ಜೆ-1 ಅವಧಿಯೇ ಮುಗಿದುಹೋದರೆ?

ಅರ್ಕಾವತಿ

ಊರಿಗೆ ಹೋಗುವುದನ್ನು ಬಿಟ್ಟರೆ ಒಳ್ಳೆಯದು. ಐ-130 ಹಾಕದಿದ್ದರೂ, ಗಂಡ ಅಮೆರಿಕದ ಪ್ರಜೆ ಎಂದು ಡಿಎಸ್-160ರಲ್ಲಿ ಬರೆಯಲೇಬೇಕು. ಕೆಲಸ ಮುಗಿಸಿ ಭಾರತಕ್ಕೆ ಮರಳುತ್ತೇನೆ ಎಂದು ಅಧಿಕಾರಿಯನ್ನು ಒಪ್ಪಿಸುವುದು ಆಗ ಸುಲಭವಲ್ಲ, ಮರಳುವ ಉದ್ದೇಶ ಇಲ್ಲದೆ ಹಾಗೆ ಹೇಳುವುದು ಸುಳ್ಳು ಹೇಳಿಕೆಯೂ ಆಗುತ್ತದೆ. ಸುಳ್ಳು ಹೇಳಿಕೆಯ ಕಳಂಕ 212(ಇ)ಗಿಂತ ದೊಡ್ಡ ತಲೆನೋವು. ವೀಸಾ ನಿರಾಕರಣೆ ಆದರೆ ಅವರು ಅಲ್ಲೇ ಉಳಿಯಬೇಕು, ವೇವರ್ ಬಂದ ಮೇಲೆ ವಲಸೆ ವೀಸಾ ಮೂಲಕವೇ ಬರಬೇಕು. ಐ-485 ಹಾಕಿ, ಐ-131ರ ಅಡ್ವಾನ್ಸ್ ಪೆರೋಲ್ (ಹೋಗಿ ಮರಳಿ ಬರಲು ಮುಂಗಡ ಅನುಮತಿ) ಕೈಗೆ ಬಂದ ಮೇಲೆ ಹೋಗಿಬರಲಿ. ಅದಿಲ್ಲದೆ ದೇಶ ಬಿಟ್ಟರೆ ಐ-485 ಕೈಬಿಟ್ಟಂತೆ.

ಜೆ-1 ಮುಗಿದರೆ 30 ದಿನ ಇರಬಹುದು, ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ. ಅದೂ ಕಳೆದರೆ ಸ್ಟೇಟಸ್ ಇಲ್ಲ. ತಪಾಸಣೆ ಮುಗಿಸಿ ಕ್ರಮಬದ್ಧವಾಗಿ ಒಳಬಂದವರು ಅಮೆರಿಕದ ಪ್ರಜೆಯ ಸಂಗಾತಿಯಾದರೆ ಸ್ಟೇಟಸ್ ತಪ್ಪಿದ್ದರೂ ಐ-485 ಹಾಕಲು ಕಾನೂನು ಬಿಡುತ್ತದೆ. ಆದರೆ ಆ ನಡುವೆ ಗಡೀಪಾರು ನೋಟಿಸ್ ಬರುವ ಅಪಾಯ ಇದ್ದೇ ಇದೆ, ಸಂಬಳವೂ ಇಲ್ಲ. ಕೊನೆಯ ಆಸರೆ ಎಂದು ತಿಳಿದಿರಿ, ಯೋಜನೆಯನ್ನೇ ಅದರ ಮೇಲೆ ಕಟ್ಟಬೇಡಿ. ಇದನ್ನು ಓದುವ ಗ್ರೀನ್ ಕಾರ್ಡ್‌ದಾರರು ಗಮನಿಸಿ: ಈ ರಿಯಾಯಿತಿ ನಿಮ್ಮ ಸಂಗಾತಿಗೆ ಇಲ್ಲ. ಎಫ್2ಎ ವರ್ಗದಲ್ಲಿ ಸ್ಟೇಟಸ್ ಉಳಿದಿರಬೇಕು, ಸರದಿಯ ದಿನಾಂಕವೂ ಬಂದಿರಬೇಕು.

ನೋ ಆಬ್ಜೆಕ್ಷನ್ ಕೈಕೊಟ್ಟರೆ ಉಳಿಯುವುದು ನಿಮಗೆ, ಅಂದರೆ ಪ್ರಜೆಯಾದ ಗಂಡನಿಗೆ, ಅಸಾಧಾರಣ ಕಷ್ಟ ಆಗುತ್ತದೆ ಎಂದು ತೋರಿಸುವ ದಾರಿ. ಅದರಲ್ಲಿ ಐ-612 ಅನ್ನು ನಿಮ್ಮ ಹೆಂಡತಿಯೇ ಯುಎಸ್‌ಸಿಐಎಸ್‌ಗೆ ಹಾಕಬೇಕು, ಶುಲ್ಕ 1,100 ಡಾಲರ್. ಎರಡು ಸನ್ನಿವೇಶವನ್ನೂ ಸಾಬೀತು ಮಾಡಬೇಕು: ಎರಡು ವರ್ಷ ಹೆಂಡತಿಯ ಜೊತೆ ಭಾರತಕ್ಕೆ ಹೋದರೆ ನಿಮಗೇನು ಕಷ್ಟ, ಹೋಗದೆ ಇಲ್ಲೇ ಉಳಿದರೆ ಏನು ಕಷ್ಟ. ಒಂದನ್ನು ಮಾತ್ರ ಬರೆದ ಅರ್ಜಿ ಬಿದ್ದುಹೋಗುತ್ತದೆ. ಅಗಲಿಕೆಯ ದುಃಖ, ಎರಡು ಮನೆಯ ಖರ್ಚು ಇವೆಲ್ಲ ಸಾಮಾನ್ಯ ಕಷ್ಟದ ಲೆಕ್ಕಕ್ಕೆ ಸೇರುತ್ತವೆ. ನಡೆಯುತ್ತಿರುವ ಚಿಕಿತ್ಸೆ, ಮೊದಲ ಮದುವೆಯ ಮಗುವಿನ ಕಸ್ಟಡಿ ಆದೇಶ, ನಿಮ್ಮನ್ನೇ ನೆಚ್ಚಿಕೊಂಡ ವೃದ್ಧ ತಾಯಿ, ಭಾರತದಲ್ಲಿ ಚಲಾವಣೆ ಇಲ್ಲದ ವೃತ್ತಿ ಲೈಸೆನ್ಸ್ ಇಂಥವಕ್ಕೆ ದಾಖಲೆ ಸಮೇತ ತೂಕ ಸಿಗುತ್ತದೆ.

ವೇವರ್ ಯಾವುದೂ ಆಗದೆ ಮರಳುವುದೇ ಆದರೆ ಎರಡು ವರ್ಷ ಒಂದೇ ಬಾರಿಗೆ ಇರಬೇಕೆಂದಿಲ್ಲ, ಬಿಡಿ ಬಿಡಿಯಾಗಿ ಕೂಡಿಸಬಹುದು. ಬೇರೆ ದೇಶದಲ್ಲಿ ಕಳೆದ ದಿನ ಮಾತ್ರ ಸೇರುವುದಿಲ್ಲ. ಆಗ ಐ-130 ಮುಂಚೆಯೇ ಹಾಕುವುದು ಸರಿ. ಅದು ಮಂಜೂರಾಗಿ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋದ ಮೇಲೆ ವರ್ಷಕ್ಕೊಮ್ಮೆಯಾದರೂ ಅವರನ್ನು ಸಂಪರ್ಕಿಸುತ್ತಿರಿ, ಪೂರ್ತಿ ಒಂದು ವರ್ಷ ಸುಮ್ಮನಿದ್ದರೆ ಕೇಸ್ ಮುಚ್ಚಿಹೋಗಬಹುದು.

ಬಯಲುಸೀಮೆ

ವೈದ್ಯರಿಗೆ ಒಂದು ಮಾತು ಸೇರಿಸುತ್ತೇನೆ, ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಜೆ-1 ರೆಸಿಡೆನ್ಸಿ ಅಥವಾ ಕ್ಲಿನಿಕಲ್ ಫೆಲೋಶಿಪ್ ಮಾಡಿದವರಿಗೆ ನೋ ಆಬ್ಜೆಕ್ಷನ್ ದಾರಿಯೇ ಇಲ್ಲ. ಕಾನ್ರಾಡ್ 30 ಎಂಬ ವೈದ್ಯರ ಯೋಜನೆಯ ಮೂಲಕ ವೇವರ್ ಪಡೆದವರು ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷದ ಸೇವೆ ಮುಗಿಸುವವರೆಗೆ, ಅಮೆರಿಕದ ಪ್ರಜೆಯನ್ನು ಮದುವೆಯಾಗಿದ್ದರೂ ಗ್ರೀನ್ ಕಾರ್ಡ್ ಪಡೆಯುವಂತಿಲ್ಲ. ಕಷ್ಟದ ಆಧಾರದ ಮೇಲೆ ವೇವರ್ ಪಡೆದವರಿಗೆ ಆ ಮೂರು ವರ್ಷದ ಕಟ್ಟು ಇಲ್ಲ. ಹಾಗಾಗಿ ಮದುವೆಯಾಗಿರುವ ವೈದ್ಯರು ದಾರಿ ಆರಿಸುವ ಮೊದಲೇ ವಕೀಲರ ಹತ್ತಿರ ಕೂತು ಮಾತಾಡಬೇಕು.

ತುಂಗಾತೀರ ಅವರೇ, ನಿಮಗೆ ಒಂದೇ ಒಂದು ಎಚ್ಚರಿಕೆ. ನೋ ಆಬ್ಜೆಕ್ಷನ್ ದಾರಿಯಲ್ಲಿ ನೀವು ಐ-612 ಅರ್ಜಿ ಹಾಕುವುದೇ ಇಲ್ಲ, ಆದರೂ ಕೊನೆಗೆ ಬರುವ ಐ-797 ಮೇಲೆ ಐ-612 ಎಂದೇ ಇರುತ್ತದೆ, ಗಾಬರಿ ಬೇಡ. ಅದು ಅಂಚೆಯಲ್ಲಿ ಬರುವುದು ಡಿಎಸ್-3035ರಲ್ಲಿ ಕೊಟ್ಟ ವಿಳಾಸಕ್ಕೆ. ಈ ನಡುವೆ ಮನೆ ಬದಲಾದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ಎಆರ್-11 ತುಂಬಿ, ವೇವರ್ ರಿವ್ಯೂ ವಿಭಾಗಕ್ಕೂ ಪ್ರತ್ಯೇಕವಾಗಿ ತಿಳಿಸಿ, ಯೂನಿವರ್ಸಿಟಿಯಲ್ಲಿ ಸೆವಿಸ್ (ವಿದೇಶಿ ವಿದ್ಯಾರ್ಥಿ, ಸ್ಕಾಲರ್‌ಗಳ ಸರ್ಕಾರಿ ಡೇಟಾಬೇಸ್) ದಾಖಲೆಯನ್ನೂ ಬದಲಿಸಿ. ಒಂದು ಕಡೆ ಹೇಳಿದರೆ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ.