ಯುಜಿಡಿ (ಒಳಚರಂಡಿ) ಶುಲ್ಕದ ಬಿಲ್ಲು: ಭಾನುವಾರದ ಸಭೆಗೆ ಬರುವ ಮೊದಲು ಎಲ್ಲರೂ ಓದಿ

ಸಂಘದ ಕಾರ್ಯದರ್ಶಿ, 4ನೇ ಕ್ರಾಸ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಈ ಸಲದ ನೀರಿನ ಬಿಲ್ಲು ಹೆಚ್ಚುಕಮ್ಮಿ ಎಲ್ಲ ಮನೆಗೂ ಬಂದಿದೆ. ಕೊನೆಯಿಂದ ಎರಡನೇ ಸಾಲು ನೋಡಿ. ಒಳಚರಂಡಿ ಮತ್ತು ಕೊಳಚೆ ನೀರು ಶುದ್ಧೀಕರಣ ಅಂತ ಹೊಸದಾಗಿ ಒಂದು ಮೊತ್ತ ಸೇರಿಸಿದ್ದಾರೆ. ಒಂದೇ ರೂಮಿನ ಮನೆಗೂ ಅಷ್ಟೇ, ಮೂರು ಮಹಡಿ ಮನೆಗೂ ಅಷ್ಟೇ.

5 ಮತ್ತು 6ನೇ ಕ್ರಾಸಿಗೂ ಅದೇ ಮೊತ್ತ ಬಂದಿದೆ. ಅಲ್ಲಿ ಪೈಪ್ ಹಾಕಿದ್ದಾರೆ, ಮನೆ ಮುಂದೆ ಚೇಂಬರ್ ಕಟ್ಟಿದ್ದಾರೆ. ಆದರೆ ಮೇನ್ ಲೈನಿಗೆ ಜೋಡಿಸಿಯೇ ಇಲ್ಲ. ಆ ಮನೆಗಳವರು ಇವತ್ತಿಗೂ ಶೌಚದ ಪಿಟ್ ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸುತ್ತಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಳಚೆ ನೀರು ಶುದ್ಧ ಮಾಡೋಕೆ ದುಡ್ಡು ಬೇಕು, ಅದನ್ನು ನಾವು ಕೊಡಬೇಕು. ಆದ್ದರಿಂದ ‘ಕಟ್ಟೋದಿಲ್ಲ’ ಅಂತ ಹೋಗೋದು ಬೇಡ. ಯಾವ ಮನೆಯಿಂದ ಎಷ್ಟು ನೀರು ಆಚೆ ಹೋಗುತ್ತದೋ ಅದರ ಮೇಲೆ ಲೆಕ್ಕ ಹಾಕಿ, ಲೈನ್ ಜೋಡಿಸದ ಮನೆಯಿಂದ ಒಂದು ರೂಪಾಯಿಯನ್ನೂ ಕೇಳಬೇಡಿ ಅಂತ ಪಾಲಿಕೆಗೆ ಮನವಿ ಕೊಡೋಣ. ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿನಲ್ಲಿ ಸೇರೋಣ. ಅದಕ್ಕೆ ಮೊದಲು ನಿಮ್ಮ ನಿಮ್ಮ ವಿಚಾರ ಇಲ್ಲೇ ಹಾಕಿ.

ಪಾರ್ಕ್ ಎದುರಿನ ಮನೆ

ಅಕ್ಕಾ, ಕ್ಷಮಿಸಿ, ನನಗೆ ಕಟ್ಟೋ ಮನಸ್ಸೇ ಇಲ್ಲ. ಎಲ್ಲ ಕ್ರಾಸಿನ ಲೈನೂ ಇಳಿದು ಬರೋದು ನಮ್ಮ ಮನೆ ಮುಂದಕ್ಕೆ. ಜೋರು ಮಳೆ ಬಂದರೆ ಸಾಕು, ಚೇಂಬರಿನ ಮುಚ್ಚಳ ಎದ್ದು ಕೂರುತ್ತದೆ. ಕಪ್ಪು ನೀರು ಗೇಟಿನ ಕೆಳಗಿಂದ ಒಳಗೆ ಬಂದು ತುಳಸಿ ಕಟ್ಟೆ ಸುತ್ತ ನಿಲ್ಲುತ್ತದೆ. ನಮ್ಮ ಅತ್ತೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಮೊದಲು ಫಿನಾಯಿಲ್ ಹಾಕಿ ಗುಡಿಸಬೇಕು. ಇದಕ್ಕೆ ನಾನು ಶುಲ್ಕ ಬೇರೆ ಕೊಡಬೇಕಾ?

6ನೇ ಕ್ರಾಸ್, ಕೊನೇ ಮನೆ

ನಮ್ಮದು ಎರಡು ಕಡೆ ದಂಡ. ಪಿಟ್ ಖಾಲಿ ಮಾಡಿಸೋಕೆ ಗಾಡಿಯವರಿಗೆ ಕೊಡಬೇಕು, ಈಗ ಬಿಲ್ಲಿಗೂ ಕಟ್ಟಬೇಕು. ಕಚೇರಿಗೆ ಹೋಗಿ ಕೇಳಿದೆ. ‘ಚೇಂಬರ್ ಇದೆಯಲ್ಲ, ಕಂಪ್ಯೂಟರಿನಲ್ಲಿ ಕನೆಕ್ಷನ್ ಅಂತ ತೋರಿಸುತ್ತದೆ’ ಅಂದರು. ಚೇಂಬರಿನ ಮುಚ್ಚಳ ತೆಗೆದು ನೋಡಿ ಸ್ವಾಮಿ, ಒಳಗೆ ಒಣ ಮಣ್ಣಿದೆ. ಹುಲ್ಲು ಬೆಳೆದಿದೆ. ಒಂದು ಹನಿ ನೀರು ಹರಿದ ಗುರುತಿಲ್ಲ.

ಕಾರ್ಯದರ್ಶಿ

ಅಣ್ಣಾ, ಆ ಚೇಂಬರಿನ ಫೋಟೋ ಬೇಕು. ಮುಚ್ಚಳ ತೆಗೆದು, ಮನೆ ನಂಬರ್ ಕೂಡ ಕಾಣೋ ಹಾಗೆ ತೆಗೆಯಿರಿ. 5 ಮತ್ತು 6ನೇ ಕ್ರಾಸಿನ ಪ್ರತಿ ಮನೆಯದ್ದೂ ಬೇಕು. ನೂರು ಮಾತಿಗಿಂತ ಅದೇ ಗಟ್ಟಿ ಸಾಕ್ಷಿ. ಸಕ್ಕಿಂಗ್ ಗಾಡಿಯವರು ಕೊಟ್ಟ ರಸೀದಿ ಇದ್ದರೆ ಅದನ್ನೂ ಇಟ್ಟುಕೊಳ್ಳಿ.

2ನೇ ಮೇನ್, ಮೆಡಿಕಲ್ ಶಾಪ್ ಮೇಲಿನ ಮನೆ

ಒಂದು ಪ್ರಶ್ನೆ. ನಾವು ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ಶೇ. 5 ರಿಯಾಯಿತಿ ತಗೊಂಡಿದ್ದೇವೆ. ಆ ರಸೀದಿಯಲ್ಲಿ ಸೆಸ್ ಅಂತ ಜಾಸ್ತಿನೇ ಹಿಡಿದಿದ್ದಾರೆ. ಚರಂಡಿ ದುಡ್ಡು ಅದರಲ್ಲೇ ಬಂತಲ್ವಾ? ಒಂದೇ ಕೆಲಸಕ್ಕೆ ಎರಡು ಸಲ ಯಾಕೆ?

ಕಾರ್ಯದರ್ಶಿ

ಈ ಅನುಮಾನ ತುಂಬಾ ಜನಕ್ಕಿದೆ. ಕಂದಾಯದ ಮೇಲೆ ಬೀಳೋ ಸೆಸ್ ಒಟ್ಟು ಶೇ. 26. ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3, ನಗರ ಸಾರಿಗೆಗೆ 2. ಇದರಲ್ಲಿ ಒಳಚರಂಡಿ ಅಂತ ಪಾಲಿಲ್ಲ. ಹಾಗಾಗಿ ಆ ವಾದ ಹಿಡಿದು ಹೋದರೆ ಕೌಂಟರಿನಲ್ಲೇ ನಮ್ಮ ಬಾಯಿ ಮುಚ್ಚಿಸುತ್ತಾರೆ. ದಯವಿಟ್ಟು ಅದನ್ನು ಬಿಡೋಣ. ನಮ್ಮ ಹತ್ತಿರ ಇದಕ್ಕಿಂತ ಗಟ್ಟಿ ವಾದ ಇದೆ.

ಎಂಜಿನಿಯರ್ ಅಜ್ಜ, 1ನೇ ಕ್ರಾಸ್

ನಾನು ನೀರು, ಒಳಚರಂಡಿ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದು. ಪೈಪ್ ಹಾಕೋಕೆ, ಘಟಕ ಕಟ್ಟೋಕೆ ಸಾಮಾನ್ಯವಾಗಿ ಸರ್ಕಾರದ ಯೋಜನೆಯ ದುಡ್ಡು ಇಲ್ಲವೇ ಸಾಲ ಬರುತ್ತದೆ. ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಶುರುವಾಯಿತು. ನಮ್ಮೂರಿನ 24 ಗಂಟೆ ನೀರಿನ ಜಲಸಿರಿ ಕೆಲಸಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಇದೆ. ಆದರೆ ಕಟ್ಟಿದ ಮೇಲೆ ದಿನಾ ನಡೆಸೋ ಖರ್ಚು ಸಾಮಾನ್ಯವಾಗಿ ಅದರಿಂದ ಬರೋದಿಲ್ಲ. ತಗ್ಗಿನಲ್ಲಿ ಸೇರಿದ ಕೊಳಚೆಯನ್ನು ವೆಟ್ ವೆಲ್ಲಿನಿಂದ, ಅಂದರೆ ಕೊಳಚೆ ಸೇರೋ ಬಾವಿಯಿಂದ, ಪಂಪ್ ಮಾಡಿ ಎತ್ತಬೇಕು. ಘಟಕದಲ್ಲಿ ಜಾಲರಿ ಕಟ್ಟಿ ಪ್ಲಾಸ್ಟಿಕ್, ಬಟ್ಟೆ ತೆಗೆಯಬೇಕು, ಮರಳು ಇಳಿಸಬೇಕು. ಆಮೇಲೆ ಹಗಲೂ ರಾತ್ರಿ ಗಾಳಿ ಊದಬೇಕು. ಆ ಗಾಳಿಯಲ್ಲಿ ಬದುಕೋ ಸೂಕ್ಷ್ಮ ಜೀವಿಗಳೇ ಕೊಳೆ ತಿಂದು ನೀರು ತಿಳಿ ಮಾಡೋದು. ಕರೆಂಟು ತುಂಬಾ ಹೊತ್ತು ನಿಂತರೆ ಅವು ಸಾಯುತ್ತವೆ, ನೀರು ಹಾಗೇ ಕಪ್ಪಾಗಿ ಹಳ್ಳಕ್ಕೆ ಹೋಗುತ್ತದೆ. ಹಾಗಾಗಿ ಖರ್ಚಿನಲ್ಲಿ ದೊಡ್ಡ ಪಾಲು ಬೆಸ್ಕಾಂ ಬಿಲ್ಲು. ದುಡ್ಡಿಲ್ಲ ಅಂತ ಗಾಳಿ ಯಂತ್ರ ನಿಲ್ಲಿಸಿದ ಘಟಕ ಇದ್ದೂ ಇಲ್ಲದ ಹಾಗೆ.

ಇನ್ನು ಲೆಕ್ಕ. ಯುಜಿಡಿ ಇರೋ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅಂತ ಕೇಂದ್ರ ಸರ್ಕಾರದ ಕೈಪಿಡಿಯ ಅಳತೆ. ಅದರಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಆಚೆ ಹೋಗುತ್ತದೆ. ನಾಲ್ಕು ಜನರ ಮನೆ ಅಂದರೆ ದಿನಕ್ಕೆ 540 ಲೀಟರ್ ಬಳಕೆ, 432 ಲೀಟರ್ ಕೊಳಚೆ, ತಿಂಗಳಿಗೆ ಹೆಚ್ಚುಕಮ್ಮಿ 13 ಸಾವಿರ ಲೀಟರ್. ಕೊಳಚೆಗೆ ಮೀಟರ್ ಕೂರಿಸೋಕೆ ಆಗೋದಿಲ್ಲ. ಆದರೆ ಒಳಗೆ ಬಂದ ನೀರಿನ ಮೀಟರ್ ಇದ್ದರೆ ಆಚೆ ಹೋದದ್ದರ ಅಂದಾಜು ಅದರಲ್ಲೇ ಸಿಗುತ್ತದೆ.

ಬೇರೆ ಊರುಗಳಲ್ಲೂ ಹೀಗೇ ಮಾಡಿದ್ದಾರೆ. ಬೆಂಗಳೂರಿನಲ್ಲಿ 2014ರ ದರಪಟ್ಟಿ ಪ್ರಕಾರ 8 ಸಾವಿರ ಲೀಟರ್ ದಾಟಿದ ಮನೆಗೆ ನೀರಿನ ಹಣದ ಶೇ. 25 ಸ್ಯಾನಿಟರಿ (ಒಳಚರಂಡಿ) ಶುಲ್ಕ ಇತ್ತು. ಅದಕ್ಕಿಂತ ಕಮ್ಮಿ ಬಳಸೋರಿಗೆ ಸಣ್ಣದೊಂದು ನಿಗದಿ ಮೊತ್ತ. ಹೈದರಾಬಾದಿನಲ್ಲಿ ನೀರಿನ ಹಣದ ಶೇ. 35. ಚೆನ್ನೈನವರದ್ದು ಬೇರೆ ದಾರಿ, ಮನೆಯ ವಾರ್ಷಿಕ ಮೌಲ್ಯದ ಶೇ. 7 ನೀರು ಮತ್ತು ಒಳಚರಂಡಿ ತೆರಿಗೆ. ನಮ್ಮ ಬಿಲ್ಲಿನಲ್ಲಿ ಇರೋದು ಇವೆರಡೂ ಅಲ್ಲ, ಮನೆಗಿಷ್ಟು ಅಂತ ಹಾಕಿದ್ದು. ಅದು ಬಡವರಿಗೆ ಭಾರ, ನೀರು ಪೋಲು ಮಾಡೋರಿಗೆ ಲಾಭ.

ಬಾಡಿಗೆ ಮನೆ, 3ನೇ ಕ್ರಾಸ್ ಔಟ್‌ಹೌಸ್

ಅಜ್ಜಾರೆ, ತುಂಬಾ ಥ್ಯಾಂಕ್ಸ್. ನಾವು ಇಬ್ಬರೇ ಇರೋದು. ನಮ್ಮ ಓನರ್ ಮನೆಯಲ್ಲಿ ಏಳು ಜನ, ಎರಡು ಕಾರು ದಿನಾ ತೊಳೆಯುತ್ತಾರೆ. ಇಬ್ಬರಿಗೂ ಒಂದೇ ಶುಲ್ಕ ಬಂದಿದೆ, ನಮ್ಮ ಪಾಲಿನದ್ದು ನಾವೇ ಕೊಡಬೇಕು. ಮೀಟರ್ ಪ್ರಕಾರ ಆದರೆ ನಮಗೆ ಒಳ್ಳೇದು. ಆದರೆ ಒಂದು ವಿಷಯ. ಈ ಬಡಾವಣೆಯಲ್ಲಿ ಅರ್ಧ ಮನೆ ಬೋರಿನ ನೀರು ಬಳಸುತ್ತವೆ. ಅವರ ನಲ್ಲಿ ಮೀಟರ್ ತಿರುಗೋದೇ ಕಮ್ಮಿ. ಅವರ ಕೊಳಚೆ ಲೆಕ್ಕ ಯಾರು ಹಿಡಿಯುತ್ತಾರೆ?

ಎಂಜಿನಿಯರ್ ಅಜ್ಜ

ಸರಿಯಾಗಿ ಹಿಡಿದೆಯಮ್ಮಾ. ನೀರಿನ ಹಣದ ಮೇಲೆ ಶೇಕಡಾ ಹಾಕಿದರೆ ಬೋರಿನವರು ಪುಕ್ಕಟೆ ಪಾರಾಗುತ್ತಾರೆ. ಬೋರಿಗೂ ಮೀಟರ್ ಇಡಬೇಕು. ಇಲ್ಲವೇ ಬೆಂಗಳೂರಿನ ಹಾಗೆ ಬೋರ್ ಇರೋ ಮನೆಗೆ ಪ್ರತ್ಯೇಕ ಸ್ಯಾನಿಟರಿ ಮೊತ್ತ ಹಾಕಬೇಕು. ನಮ್ಮ ಮನೆಯಲ್ಲೂ ಬೋರ್ ಇದೆ, ನಾನು ಕೊಡೋಕೆ ತಯಾರಿದ್ದೇನೆ. ಇದನ್ನು ಮನವಿಯಲ್ಲಿ ನಾವೇ ಬರೆದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಮಿರ್ಚಿ ಅಂಗಡಿ, ಸರ್ಕಲ್

ನಮ್ಮಂಥ ಅಂಗಡಿಗೆ, ಹೋಟೆಲ್ಲಿಗೆ ವಾಣಿಜ್ಯ ದರ ಅಂತ ಜಾಸ್ತಿ ಹಾಕಿದ್ದಾರೆ. ನ್ಯಾಯವಾಗಿದ್ದರೆ ಕೊಡುತ್ತೇನೆ. ನನ್ನದು ತಳ್ಳುಗಾಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ದೊಡ್ಡ ಹೋಟೆಲ್ ಜತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಕೇಳಿಕೊಳ್ಳುತ್ತೇನೆ.

4ನೇ ಕ್ರಾಸ್, ಹಾಲಿನ ಡೈರಿ ಪಕ್ಕ

ಯಜಮಾನ್ರೆ, ಬೇಜಾರು ಮಾಡ್ಕೋಬೇಡಿ. ಹೋದ ಸಲ ಸರ್ಕಲ್ ಹತ್ತಿರ ಜೆಟ್ಟಿಂಗ್ ಗಾಡಿ (ಜೋರಾಗಿ ನೀರು ಬಿಟ್ಟು ಲೈನ್ ತೊಳೆಯೋದು) ಬಂದಾಗ ನಾನು ಅಲ್ಲೇ ನಿಂತಿದ್ದೆ. ಚೇಂಬರಿನಿಂದ ತೆಗೆದದ್ದು ಬಿಳಿ ಜಿಡ್ಡು, ತೆಂಗಿನಕಾಯಿ ಹೋಳಿನಷ್ಟು ಗಟ್ಟಿ. ಎಣ್ಣೆ, ಬೆಣ್ಣೆ ಬಿಸಿ ಇದ್ದಾಗ ಸಿಂಕಿನಲ್ಲಿ ಇಳಿದು ಹೋಗುತ್ತದೆ, ಪೈಪಿನಲ್ಲಿ ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ಬೆಣ್ಣೆ ದೋಸೆ ಊರು ನಮ್ಮದು, ಹೋಟೆಲ್ ಬೇಡ ಅನ್ನೋಕಾಗುತ್ತಾ? ಸಿಂಕಿನ ನೀರು ಲೈನಿಗೆ ಸೇರೋ ಮೊದಲು ಜಿಡ್ಡು ನಿಲ್ಲಿಸೋ ಸಣ್ಣ ತೊಟ್ಟಿ ಕಟ್ಟಿಸಿ, ವಾರಕ್ಕೊಮ್ಮೆ ತೆಗೆಸಿ. ಅಂಥ ಅಂಗಡಿಗೆ ದರ ಕಮ್ಮಿ ಮಾಡಿ ಅಂತ ನಾವೂ ಕೇಳುತ್ತೇವೆ.

ಮಿರ್ಚಿ ಅಂಗಡಿ, ಸರ್ಕಲ್

ಆಯ್ತಣ್ಣಾ, ಗಾರೆಯವರಿಗೆ ಹೇಳುತ್ತೇನೆ. ಕರಿದ ಎಣ್ಣೆ ನಾನು ಚೆಲ್ಲೋದಿಲ್ಲ, ಡಬ್ಬಿಗೆ ಹಾಕಿಡುತ್ತೇನೆ. ತೊಟ್ಟಿನೂ ಕಟ್ಟಿಸುತ್ತೇನೆ.

ಎಂಜಿನಿಯರ್ ಅಜ್ಜ

ಪಾರ್ಕ್ ಎದುರಿನ ತಾಯಿಗೆ ಒಂದು ಮಾತು. ಮಳೆಯಲ್ಲೇ ನಿಮ್ಮ ಚೇಂಬರ್ ಉಕ್ಕುತ್ತದೆ ಅಂದರೆ ಅದು ಬರೀ ಕೊಳಚೆಯಲ್ಲ, ಜತೆಗೆ ತಾರಸಿ ನೀರೂ ಇದೆ. ಮೇಲಿನ ಕ್ರಾಸುಗಳಲ್ಲಿ ಸುಮಾರು ಮನೆಯವರು ಮಳೆ ಪೈಪನ್ನು ಯುಜಿಡಿ ಚೇಂಬರಿಗೆ ಬಿಟ್ಟಿದ್ದಾರೆ. ಆ ಪೈಪು ಮಳೆಗೆ ಅಂತ ಹಾಕಿದ್ದಲ್ಲ. ಮಳೆ ನೀರು ರಸ್ತೆ ಪಕ್ಕದ ಚರಂಡಿಗೆ ಹೋಗಬೇಕು, ಇಲ್ಲ ಇಂಗು ಗುಂಡಿಗೆ. ಅದು ಯುಜಿಡಿಗೆ ಬಿದ್ದರೆ ನಿಮ್ಮ ಗೇಟಿಗೆ ಬರೋದಲ್ಲದೆ, ಘಟಕದಲ್ಲಿ ಶುದ್ಧ ಮಾಡೋ ನೀರೂ ಜಾಸ್ತಿಯಾಗಿ ಎಲ್ಲರ ಖರ್ಚೂ ಏರುತ್ತದೆ. ಮಳೆ ಪೈಪನ್ನು ಚೇಂಬರಿನಿಂದ ತಪ್ಪಿಸಿ ಸರಿ ಮಾಡಿದವರ ಹೆಸರು ನೀವೇ ಇಲ್ಲಿ ಹಾಕಿ, ಸಂತೋಷದ ವಿಷಯ ಅದು.

ಪಾರ್ಕ್ ಎದುರಿನ ಮನೆ

ಇದು ನನಗೆ ಗೊತ್ತಿರಲಿಲ್ಲ ಸರ್. ಮೇಲಿನವರು ದಯವಿಟ್ಟು ಈ ಮಳೆಗಾಲದ ಒಳಗೆ ತಪ್ಪಿಸಿ. ಕೈ ಮುಗಿದು ಕೇಳುತ್ತೇನೆ. ಇನ್ನೊಂದು ವಿಷಯ. ಹಿಂದೆ ಲೈನ್ ಕಟ್ಟಿಕೊಂಡಾಗ ಯಾರೋ ಒಬ್ಬ ಹುಡುಗನನ್ನು ಕರೆತಂದು ಒಳಗೆ ಇಳಿಸೋಕೆ ಹೊರಟಿದ್ದರು. ನಾನು ಬೇಡ ಅಂತ ಕೂಗಾಡಿದೆ.

ಕಾರ್ಯದರ್ಶಿ

ಒಳ್ಳೆ ಕೆಲಸ ಮಾಡಿದಿರಿ. ಎಲ್ಲರೂ ಕೇಳಿಸಿಕೊಳ್ಳಿ. ಮ್ಯಾನ್‌ಹೋಲಿಗೆ, ಪಿಟ್ಟಿಗೆ ಹೀಗೆ ಮನುಷ್ಯರನ್ನು ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಒಳಗಿನ ವಿಷಗಾಳಿಗೆ ಎಷ್ಟೋ ಜೀವ ಹೋಗಿದೆ. ನಮ್ಮ ಬಡಾವಣೆಯಲ್ಲಿ ಲೈನ್ ಎಷ್ಟು ದಿನ ಕಟ್ಟಿಕೊಂಡಿದ್ದರೂ ಸರಿ, ಯಂತ್ರವೇ ಬರಬೇಕು. 14420ಕ್ಕೆ ಫೋನ್ ಮಾಡಿ. ನಾವು ಕೊಡೋ ಶುಲ್ಕದಲ್ಲಿ ಯಂತ್ರದ ಖರ್ಚು, ಪೌರಕಾರ್ಮಿಕರ ರಕ್ಷಣೆಯ ಖರ್ಚು ಎರಡೂ ಇರಲಿ ಅಂತ ನಾನು ಮನವಿಯಲ್ಲಿ ಬರೆಯುತ್ತೇನೆ.

ಮೇಷ್ಟ್ರು, 2ನೇ ಕ್ರಾಸ್

ಕಟ್ಟೋದೇ ಬೇಡ ಅನ್ನೋರಿಗೆ ನನ್ನದೊಂದು ಮಾತು. ನಾವು ಕುಡಿಯೋದು ಯಾವ ನೀರು? ರಾಜನಹಳ್ಳಿ ಹತ್ತಿರ ಹೊಳೆಯಿಂದ ಎತ್ತಿದ್ದು, ಇಲ್ಲ ಭದ್ರಾ ಕಾಲುವೆಯಿಂದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ್ದು. ಆ ಹೊಳೆ ಶಿವಮೊಗ್ಗ, ಭದ್ರಾವತಿ ದಾಟಿ, ಕೂಡ್ಲಿಯಲ್ಲಿ ತುಂಗೆ ಭದ್ರೆ ಒಂದಾಗಿ ನಮ್ಮ ಕಡೆ ಬರುತ್ತದೆ. ಮೇಲಿನ ಊರಿನವರು ಕೊಳಚೆ ಹಾಗೇ ಬಿಟ್ಟರೆ ನಾವು ಸುಮ್ನೆ ಇರುತ್ತೇವಾ? ನಮ್ಮ ಕೆಳಗೆ ರಾಣೆಬೆನ್ನೂರಿನವರೂ ತುಂಗಭದ್ರೆಯನ್ನೇ ನಂಬಿದ್ದಾರೆ. ಊರಾಚೆ ಹಳ್ಳದ ಪಕ್ಕ ಗದ್ದೆ ಮಾಡೋರು ನನ್ನ ಹಳೇ ವಿದ್ಯಾರ್ಥಿಗಳು. ನಾಟಿಗೆ ಇಳಿದರೆ ಕಾಲು ತುರಿಕೆ ಅನ್ನುತ್ತಾರೆ. ಶುಲ್ಕ ಕೊಡೋಣ, ಆದರೆ ಶುದ್ಧ ಆಗಿದ್ದಕ್ಕೆ ಲೆಕ್ಕ ಕೇಳೋಣ.

ಕಾರ್ಯದರ್ಶಿ

ಮೇಷ್ಟ್ರ ಕೊನೇ ಮಾತು ಹಿಡಿದು ಎರಡು ಕಾಗದ ಸಿದ್ಧ ಮಾಡಿದ್ದೇನೆ.

ಒಂದು ಮನವಿ. ಜೋಡಿಸದ ಮನೆಗಳ ಶುಲ್ಕ ಕೈಬಿಡಬೇಕು, ಜೋಡಿಸಿದ ತಿಂಗಳಿನಿಂದ ಮಾತ್ರ ಶುರು ಮಾಡಬೇಕು. ಜೋಡಿಸಿದ ಮನೆಗೆ ನೀರಿನ ಬಳಕೆ ಮೇಲೆ ದರ ಹಾಕಬೇಕು, ಕಮ್ಮಿ ಬಳಸೋ ಮನೆಗೆ ಕಮ್ಮಿ ಇರಬೇಕು. ಬೋರಿನ ಮನೆಗೂ ಲೆಕ್ಕ ಇರಲಿ. ಪಾರ್ಕ್ ಹತ್ತಿರದ ಲೈನನ್ನು ಮಳೆಗಾಲಕ್ಕೆ ಮೊದಲು ಜೆಟ್ಟಿಂಗ್ ಮಾಡಿಸಬೇಕು.

ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹೀಗೆ ಬರೆದಿದ್ದೇನೆ:

‘ನಮ್ಮ ವಾರ್ಡಿನಲ್ಲಿ ಒಳಚರಂಡಿ ಶುಲ್ಕ ವಿಧಿಸಿರುವ ಬಗ್ಗೆ: ಈ ಶುಲ್ಕ ನಿಗದಿ ಮಾಡಿದ ಆದೇಶದ ಪ್ರತಿ, ಮೊತ್ತ ಲೆಕ್ಕ ಹಾಕಿದ ವಿಧಾನದ ಪ್ರತಿ, ಮೇನ್ ಲೈನಿಗೆ ಜೋಡಣೆಯಾಗಿರುವ ಮನೆಗಳ ಪಟ್ಟಿ, ಈ ಶುಲ್ಕದಿಂದ ಇದುವರೆಗೆ ಬಂದ ಹಣ ಮತ್ತು ಕಳೆದ ಆರ್ಥಿಕ ವರ್ಷದಲ್ಲಿ ಶುದ್ಧೀಕರಣ ಘಟಕ ನಡೆಸಲು ಆದ ಖರ್ಚಿನ ವಿವರ ದಯವಿಟ್ಟು ಒದಗಿಸಿ.’

ಜೋಡಣೆಯಾದ ಮನೆಗಳ ಪಟ್ಟಿ ಒಂದು ಸಿಕ್ಕರೆ ಸಾಕು. 5 ಮತ್ತು 6ನೇ ಕ್ರಾಸಿನ ಫೋಟೋ ಅದರ ಪಕ್ಕ ಇಟ್ಟರೆ ಯಾರೂ ಇಲ್ಲ ಅನ್ನೋಕಾಗೋದಿಲ್ಲ. ಅಲ್ಲಿವರೆಗೆ ನೀರಿನ ಹಣ ಎಲ್ಲರೂ ಕಟ್ಟಿ, ಬಾಕಿ ಅಂತ ನಲ್ಲಿ ಕಟ್ ಮಾಡೋಕೆ ಅವಕಾಶ ಕೊಡಬೇಡಿ. ಜೋಡಣೆ ಇಲ್ಲದವರು ಬಿಲ್ಲಿನ ಜತೆ ಆಕ್ಷೇಪಣೆ ಪತ್ರ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದೆ ಬರಬೇಡಿ.

2ನೇ ಮೇನ್, ಮೆಡಿಕಲ್ ಶಾಪ್ ಮೇಲಿನ ಮನೆ

ಸೆಸ್ ವಿಷಯ ಬಿಟ್ಟೆ ಮೇಡಂ. ಅರ್ಜಿ ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ನಾನು ತರುತ್ತೇನೆ.

6ನೇ ಕ್ರಾಸ್, ಕೊನೇ ಮನೆ

ನಮ್ಮ ಸಾಲಿನ ಎಲ್ಲ ಚೇಂಬರ್ ಫೋಟೋ ಇವತ್ತು ಸಂಜೆಯೊಳಗೆ ಹಾಕುತ್ತೇನೆ. 5ನೇ ಕ್ರಾಸಿಗೆ ಯಾರಾದರೂ ಒಬ್ಬರು ಬೇಕು.

ಬಾಡಿಗೆ ಮನೆ, 3ನೇ ಕ್ರಾಸ್ ಔಟ್‌ಹೌಸ್

5ನೇ ಕ್ರಾಸ್ ನಾನು ಮಾಡುತ್ತೇನೆ ಅಣ್ಣಾ. ಮುಚ್ಚಳ ಎತ್ತೋಕೆ ಒಂದು ಕಬ್ಬಿಣದ ಸಲಾಕೆ ಯಾರ ಮನೆಯಲ್ಲಿದೆ?

ಎಂಜಿನಿಯರ್ ಅಜ್ಜ

ನಮ್ಮ ಮನೆಯಲ್ಲಿದೆ, ಬಾರಮ್ಮಾ. ಒಬ್ಬಳೇ ಎತ್ತಬೇಡ, ನಮ್ಮ ಮೊಮ್ಮಗನನ್ನು ಜತೆಗೆ ಕಳಿಸುತ್ತೇನೆ. ಮುಚ್ಚಳ ತೆಗೆದ ತಕ್ಷಣ ಬಗ್ಗಿ ನೋಡಬೇಡಿ, ಸ್ವಲ್ಪ ಹೊತ್ತು ದೂರ ನಿಂತು ಆಮೇಲೆ ಫೋಟೋ ತೆಗೆಯಿರಿ.