ಮುಖ್ಯ ಶಿಕ್ಷಕರ ಸ್ವಂತ ಆನ್‌ಲೈನ್ ಖಾತೆಯಲ್ಲಿರುವ ಶಾಲೆಯ ಲ್ಯಾಪ್‌ಟಾಪನ್ನು ಲೋಕಲ್ ಖಾತೆಗೆ ಬದಲಿಸುವುದು ಹೇಗೆ?

ಪ್ರಶ್ನೆ — ಪ್ರೌಢಶಾಲಾ ಶಿಕ್ಷಕಿ

ನಮ್ಮ ಶಾಲೆಯ ಕಚೇರಿಯಲ್ಲಿ ವಿಂಡೋಸ್ 11 ಹೋಮ್ ಇರುವ ಒಂದು ಲ್ಯಾಪ್‌ಟಾಪ್ ಇದೆ. ಅದನ್ನು ಮೊದಲ ಸಲ ಸಿದ್ಧಪಡಿಸುವಾಗ ಇಂಟರ್ನೆಟ್ ಸಂಪರ್ಕ ಮತ್ತು ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಮುಂದಕ್ಕೆ ಹೋಗಲು ಅವಕಾಶವಿರಲಿಲ್ಲವಾದ್ದರಿಂದ ಮುಖ್ಯ ಶಿಕ್ಷಕರು ತಮ್ಮ ಸ್ವಂತ ಇಮೇಲ್ ವಿಳಾಸವನ್ನೇ ಕೊಟ್ಟಿದ್ದರು. ಈಗ ಅವರಿಗೆ ಬೇರೆ ತಾಲ್ಲೂಕಿಗೆ ವರ್ಗಾವಣೆಯಾಗಿದ್ದು, ಸದ್ಯದಲ್ಲೇ ಪ್ರಭಾರ ವಹಿಸಿಕೊಟ್ಟು ಹೊರಡಲಿದ್ದಾರೆ. ಅಂಕಪಟ್ಟಿಗಳು, ಸುತ್ತೋಲೆಗಳು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪತ್ರಗಳು ಎಲ್ಲವೂ ಅದರಲ್ಲಿವೆ. ಯಾವುದನ್ನೂ ಕಳೆದುಕೊಳ್ಳದೆ, ಯಾರ ಇಮೇಲ್‌ಗೂ ಸೇರದ ಲೋಕಲ್ ಲಾಗಿನ್‌ಗೆ ಬದಲಿಸುವ ಸರಿಯಾದ ಕ್ರಮವನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ — ಕಚೇರಿ ಗಣಕ ನಿರ್ವಾಹಕ

ಬದಲಿಸುವ ಕೆಲಸ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಯುವರ್ ಇನ್ಫೋ ತೆರೆದರೆ 'ಸೈನ್ ಇನ್ ವಿತ್ ಎ ಲೋಕಲ್ ಅಕೌಂಟ್ ಇನ್‌ಸ್ಟೆಡ್' ಎಂಬ ಆಯ್ಕೆ ಸಿಗುತ್ತದೆ. ಈಗಿನ ಪಿನ್ ಅಥವಾ ಪಾಸ್‌ವರ್ಡ್ ಕೊಟ್ಟು, ಹೊಸ ಹೆಸರು, ಹೊಸ ಪಾಸ್‌ವರ್ಡ್ ಮುಂತಾದ ವಿವರಗಳನ್ನು ತುಂಬಿ ಸೈನ್ ಔಟ್ ಆದರೆ ಮುಗಿಯಿತು. ಫೈಲುಗಳೂ ಪ್ರೋಗ್ರಾಂಗಳೂ ಇದ್ದಲ್ಲೇ ಇರುತ್ತವೆ.

ಆದರೆ ಇದಕ್ಕೆ ಕೈಹಾಕುವ ಮೊದಲೇ, ಮುಖ್ಯ ಶಿಕ್ಷಕರು ಎದುರಿಗೆ ಇರುವಾಗಲೇ, ಎರಡು ಕೆಲಸಗಳು ಆಗಲೇಬೇಕು. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಯವರು ಓದಲಾಗದಂತೆ ಗುಪ್ತಗೊಳಿಸುವ ವ್ಯವಸ್ಥೆ) ಚಾಲೂ ಇದೆಯೇ ಎಂದು ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಸಿದ್ಧಪಡಿಸಿದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಚಾಲೂ ಆಗಿರುತ್ತದೆ, ಮತ್ತು ಅದರ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲೇ ಉಳಿದಿರುತ್ತದೆ. ನಾಳೆ ಬಯಾಸ್ (ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಮೇಲೋ ಮದರ್‌ಬೋರ್ಡ್ ಬದಲಿಸಿದ ಮೇಲೋ ನೀಲಿ ಪರದೆಯೊಂದು ಆ ಕೀಯನ್ನು ಕೇಳಿದರೆ, ಲೋಕಲ್ ಪಾಸ್‌ವರ್ಡ್ ಗೊತ್ತಿದ್ದರೂ ಪ್ರಯೋಜನವಿಲ್ಲ. ಕೀ ಇಲ್ಲದೆ ಡಿಸ್ಕಿನಲ್ಲಿರುವ ಒಂದು ಪುಟವನ್ನೂ ಓದಲಾಗದು. ಮುಖ್ಯ ಶಿಕ್ಷಕರು ತಮ್ಮ ಖಾತೆಯ ಜಾಲಪುಟದಲ್ಲಿ ಈ ಲ್ಯಾಪ್‌ಟಾಪ್‌ನ ಹೆಸರಿನ ಮುಂದಿರುವ ಕೀಯನ್ನೂ ಅದರ ಗುರುತಿನ ಸಂಖ್ಯೆಯನ್ನೂ ಮುದ್ರಿಸಿ ಕೊಡಲಿ, ನೀವು ಅದನ್ನು ಕಚೇರಿಯ ಕಡತದಲ್ಲಿ ಸೇರಿಸಿ. ಪ್ರಭಾರ ಪಟ್ಟಿಯಲ್ಲಿ ಬೀರುವಿನ ಕೀಲಿಕೈ ನಮೂದಾಗುವಂತೆ ಇದೂ ನಮೂದಾಗಲಿ.

ಎರಡನೆಯದು ಒನ್‌ಡ್ರೈವ್, ಅಂದರೆ ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಸೇವೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಅದಕ್ಕೆ ಸೇರಿಕೊಂಡಿದ್ದರೆ, ನೀಲಿ ಗೆರೆಯ ಮೋಡದ ಚಿಹ್ನೆ ಇರುವ ಫೈಲುಗಳು ನಿಮ್ಮ ಡಿಸ್ಕಿನಲ್ಲಿ ಇರುವುದೇ ಇಲ್ಲ. ಹೆಸರು ಮಾತ್ರ ಕಾಣುತ್ತದೆ. ಅಂಥ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ, ಎಲ್ಲ ಚಿಹ್ನೆಗಳೂ ತುಂಬಿದ ಹಸಿರು ವೃತ್ತವಾಗುವವರೆಗೆ ಕಾಯಿರಿ. ಬಳಿಕ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಕೆಲವು ಫೈಲುಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಒನ್‌ಡ್ರೈವ್ ಸಂಪರ್ಕ ಕಡಿಯುವುದು ಅದಾದ ಮೇಲೆ.

ಉತ್ತರ — ಹಳೆಯ ಸದಸ್ಯ

ಕೀ ಮತ್ತು ನಕಲಿನ ಬಗ್ಗೆ ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ಆದರೆ ಈ ಸಂದರ್ಭದಲ್ಲಿ ಇರುವ ಖಾತೆಯನ್ನೇ ಲೋಕಲ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಸ್ವಂತ ಕಂಪ್ಯೂಟರಾದರೆ ಅದು ಸಾಕು. ಇಲ್ಲಿ ಬಳಕೆದಾರರೇ ಬದಲಾಗುತ್ತಿದ್ದಾರೆ. ವಿಂಡೋಸ್‌ನ ಲಾಗಿನ್ ಲೋಕಲ್ ಆದರೂ ಎಡ್ಜ್ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಇಮೇಲ್, ಇತರ ಆ್ಯಪ್‌ಗಳ ಸೈನ್ ಇನ್ ಹಾಗೆಯೇ ಉಳಿಯಬಹುದು, ಮತ್ತು ಹೊಸದಾಗಿ ಬಂದವರ ಕೈಗೆ ಹಿಂದಿನವರ ಖಾಸಗಿ ಬದುಕನ್ನು ಕೊಡುವುದು ಇಬ್ಬರಿಗೂ ನ್ಯಾಯವಲ್ಲ. ಯೂಸರ್ಸ್ ಫೋಲ್ಡರಿನಲ್ಲಿ ಅವರ ಇಮೇಲ್‌ನ ಮೊದಲ ಐದು ಅಕ್ಷರಗಳಿಂದ ಹುಟ್ಟಿದ ಹೆಸರೂ ಬದಲಾಗುವುದಿಲ್ಲ.

ಅಕೌಂಟ್ಸ್‌ನಲ್ಲಿ ಅದರ್ ಯೂಸರ್ಸ್‌ಗೆ ಹೋಗಿ ಹೊಸ ಖಾತೆ ಸೇರಿಸಿ. ಇಮೇಲ್ ಕೇಳಿದಾಗ ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ಇಲ್ಲ ಎಂಬುದನ್ನೂ, ಮುಂದಿನ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದೆ ಬಳಕೆದಾರರನ್ನು ಸೇರಿಸು ಎಂಬುದನ್ನೂ ಆರಿಸಿದರೆ ಲೋಕಲ್ ಖಾತೆ ಸಿದ್ಧ. ಅದನ್ನು ಅಡ್ಮಿನಿಸ್ಟ್ರೇಟರ್ (ಪೂರ್ಣ ಅಧಿಕಾರದ ಖಾತೆ) ಮಾಡಲು ಮರೆಯಬೇಡಿ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಇಡಿ, ಏಕೆಂದರೆ ಫೋಲ್ಡರಿಗೂ ಅದೇ ಹೆಸರು ಬರುತ್ತದೆ ಮತ್ತು ಕೆಲವು ಹಳೆಯ ತಂತ್ರಾಂಶಗಳು ಕನ್ನಡ ಲಿಪಿಯ ಫೋಲ್ಡರ್ ಹೆಸರಿನಲ್ಲಿ ಎಡವುತ್ತವೆ. ಹೊಸ ಖಾತೆಯಲ್ಲಿ ಎಲ್ಲ ಫೈಲುಗಳೂ ತೆರೆಯುತ್ತಿವೆ ಎಂದು ಖಚಿತವಾದ ಮೇಲಷ್ಟೇ ಹಳೆಯದನ್ನು ತೆಗೆಯಿರಿ, ಏಕೆಂದರೆ ಖಾತೆ ತೆಗೆದರೆ ಅದರ ಫೋಲ್ಡರೂ ಅಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇತ್ತು. ಮುಖ್ಯ ಶಿಕ್ಷಕರು ಕೀಯನ್ನು ಮುದ್ರಿಸಿ ಕೊಟ್ಟಿದ್ದಾರೆ. ನಕಲು ತೆಗೆದುಕೊಂಡು ಹೊಸ ಖಾತೆಯನ್ನೂ ಮಾಡಿದ್ದೇವೆ. ಆದರೆ ಅದರಲ್ಲಿ ನುಡಿಯ ಹಳೆಯ ಪತ್ರಗಳನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ. ಫೈಲುಗಳು ಕೆಟ್ಟಿವೆಯೇ? ಲ್ಯಾಪ್‌ಟಾಪ್ ಜೊತೆಗೇ ಬಂದ ಆಫೀಸ್ ಮುಂದೆಯೂ ನಡೆಯುವುದೇ?

ಉತ್ತರ — ಹಳೆಯ ಸದಸ್ಯ

ಫೈಲುಗಳು ಕೆಟ್ಟಿಲ್ಲ, ನಿಶ್ಚಿಂತೆಯಿಂದಿರಿ. ಆ ಪತ್ರಗಳು ಯೂನಿಕೋಡ್‌ಗಿಂತ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಹಿಂದಿನ ಸಂಕೇತದಲ್ಲಿವೆ. ಆಯಾ ನುಡಿ ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಈಗಿನ ವಿಂಡೋಸ್‌ನಲ್ಲಿ ಫಾಂಟನ್ನು ಸುಮ್ಮನೆ ಇನ್‌ಸ್ಟಾಲ್ ಮಾಡಿದರೆ ಅದು ಆ ಒಂದು ಖಾತೆಗೆ ಮಾತ್ರ ಸೇರುತ್ತದೆ. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿದರೆ ಎಲ್ಲ ಖಾತೆಗಳಲ್ಲೂ ಪತ್ರಗಳು ಮೊದಲಿನಂತೆ ಕಾಣುತ್ತವೆ.

ಉತ್ತರ — ಕಚೇರಿ ಗಣಕ ನಿರ್ವಾಹಕ

ವಿಂಡೋಸ್‌ನ ಪರವಾನಗಿ ಯಂತ್ರಕ್ಕೆ ಸೇರಿದ್ದು, ಅದಕ್ಕೆ ಏನೂ ಆಗದು. ಆಫೀಸ್ ಹಾಗಲ್ಲ, ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಅದನ್ನು ಸಕ್ರಿಯಗೊಳಿಸಿದ್ದಾರೋ ಆ ಖಾತೆಗೇ ಅದು ಅಂಟಿಕೊಳ್ಳುತ್ತದೆ, ಇನ್ನೊಂದು ಖಾತೆಗೆ ವರ್ಗಾಯಿಸಲು ಬರುವುದಿಲ್ಲ. ಆದ್ದರಿಂದ ಶಾಲೆಯ ಹೆಸರಿನ ಖಾತೆಯಲ್ಲಿ ಹೊಸ ಪರವಾನಗಿ ಪಡೆಯಿರಿ, ಇಲ್ಲವೇ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಹಾಕಿಕೊಳ್ಳಿ. ಇನ್ನು ಲೋಕಲ್ ಪಾಸ್‌ವರ್ಡ್ ಮರೆತರೆ ಇಮೇಲ್‌ಗೆ ಕೋಡ್ ತರಿಸಿಕೊಂಡು ಬದಲಿಸುವ ದಾರಿ ಇಲ್ಲದಿರುವುದರಿಂದ, ಅದನ್ನೂ ಹೊಸ ಖಾತೆ ಮಾಡುವಾಗ ಕೇಳಿದ ಭದ್ರತಾ ಪ್ರಶ್ನೆಗಳ ಉತ್ತರಗಳನ್ನೂ ಮುಚ್ಚಿದ ಲಕೋಟೆಯಲ್ಲಿ ಬರೆದು ರಿಕವರಿ ಕೀ ಇರುವ ಕಡತದಲ್ಲೇ ಇಟ್ಟು, ಬೀರುವಿಗೆ ಬೀಗ ಹಾಕಿ.