ಅಜ್ಜಿಮನೆ ಬಳಗದಲ್ಲಿ ‘ಬರ್ಸರ್ಕ್’ ಜಗಳ

ಶನಿವಾರ ರಾತ್ರಿ

ಪ್ರಣವ: (ಫಾರ್ವರ್ಡ್ ಮಾಡಿದ ವಿಡಿಯೋ) ‘ಬರ್ಸರ್ಕ್ 1997: ಹತ್ತಕ್ಕೆ ಹತ್ತು. ತಾಕತ್ತಿದ್ರೆ ಒಂದು ಲೋಪ ತೋರ್ಸಿ’

ಪ್ರಣವ: ಚಿನ್ಮಯಿ ಅಕ್ಕ, ರಘು ಮಾಮ, ಇದನ್ನ ನೋಡ್ಲೇಬೇಕು. ಡಾರ್ಕ್ ಫ್ಯಾಂಟಸಿ ಅನಿಮೆ (ಜಪಾನಿ ಕಾರ್ಟೂನ್) ಅಂದ್ರೆ ಇದು. ಮಿಕ್ಕಿದ್ದೆಲ್ಲ ಇದರ ನಕಲು.

ಚಿನ್ಮಯಿ: ಪೂರ್ತಿ ನೋಡಿದೆ. ಹತ್ತಕ್ಕೆ ಹತ್ತು ಕೊಡೋಕೆ ಮೊದಲು ಸರಣಿ ಮುಗೀಬೇಕಲ್ವೇನೋ? 25ನೇ ಕಂತಲ್ಲಿ ಅದು ನಿಂತುಹೋಗತ್ತೆ, ಮುಗಿಯಲ್ಲ.

ಪ್ರಣವ: ಮುಂದಿಂದು ಮೂಲ ಕಾಮಿಕ್ಸ್ ಪುಸ್ತಕ ಮಂಗಾದಲ್ಲಿ ಓದ್ಕೊಳ್ಳಿ ಅಂತ ತಾನೇ ಅಕ್ಕ.

ಚಿನ್ಮಯಿ: ಅದು ಪುಸ್ತಕ ಮಾರೋರ ಮಾತು. ಬರೀ ಟಿವಿ ನೋಡಿದವನಿಗೆ ಏನು ಸಿಕ್ತು? ಕಥಾನಾಯಕ ಗಟ್ಸ್ ಕೈ ರಾಕ್ಷಸನ ಬಾಯಲ್ಲಿ ಸಿಕ್ಕಿದೆ. ಬಿಡಿಸ್ಕೊಳ್ಳೋಕೆ ತನ್ನ ಕೈನ ತಾನೇ ಕಡ್ಕೋತಾನೆ. ಆಮೇಲೆ ಒಂದು ಕಣ್ಣೂ ಹೋಗತ್ತೆ. ಸುತ್ತ ಎಲ್ಲಿ ನೋಡಿದ್ರೂ ರಾಕ್ಷಸರು. ಅಲ್ಲಿಂದ ಜೀವಂತ ಹೇಗೆ ಬಂದ? ಮಂಗಾದಲ್ಲಿ ಸ್ಕಲ್ ನೈಟ್ ಅನ್ನೋ ತಲೆಬುರುಡೆ ಮುಖದ ಯೋಧ ಬಂದು ಎತ್ಕೊಂಡು ಹೋಗ್ತಾನೆ. 97ರ ಸರಣಿಯಲ್ಲಿ ಆ ಪಾತ್ರಾನೇ ಇಲ್ಲ. ಪುಟ್ಟ ಯಕ್ಷ ಪಕ್ ಇಲ್ಲ, ರಾಕ್ಷಸ ವಯಾಲ್ಡ್ ಇಲ್ಲ. ತೆಗೆದಿದ್ದು ತಪ್ಪು ಅಂತ ಅಲ್ಲ. ಆದ್ರೆ ಕಾಪಾಡೋನನ್ನೇ ತೆಗೆದಮೇಲೆ ಕೊನೆಗೆ ಬೇರೆ ದಾರಿ ಯೋಚಿಸಬೇಕಿತ್ತು.

ರಘು ಮಾಮ: ನನಗೆ ಆ ಕೊನೆ ಇಷ್ಟ. ಮೊದಲನೇ ಕಂತಲ್ಲೇ ಕಬ್ಬಿಣದ ಕೈ, ಒಂಟಿ ಕಣ್ಣು, ಆಳೆತ್ತರದ ಕತ್ತಿ ತೋರಿಸಿರ್ತಾರೆ. ಬದುಕ್ತಾನೆ ಅಂತ ಗೊತ್ತೇ ಇದೆಯಲ್ಲ. ಹೇಗೆ ಬದುಕಿದ ಅನ್ನೋದು ಯಾಕೆ ಬೇಕು? 25 ಮುಗಿಸಿ ಮತ್ತೆ 1ನೇ ಕಂತು ಹಾಕ್ಕೊಂಡು ನೋಡಿ, ಮೊದಲು ಒರಟ ಅನ್ನಿಸಿದ್ದವನು ಬೇರೇನೇ ಮನುಷ್ಯನಾಗಿ ಕಾಣ್ತಾನೆ.

ಚಿನ್ಮಯಿ: ಮಾಮ, ಅದು ಎರಡನೇ ಸಲ ನೋಡೋರ ಲಾಭ. ಮೊದಲ ಸಲ ನೋಡೋನು ರಿಮೋಟ್ ಎಸೀತಾನೆ.

ಶ್ರೀಧರ ದೊಡ್ಡಪ್ಪ: ಇದು ಯಾವ ಧಾರಾವಾಹಿ?

ಪ್ರಣವ: ಜಪಾನಿನದು ದೊಡ್ಡಪ್ಪ. ಕೆಂಟಾರೊ ಮಿಯುರಾ 1989ರಲ್ಲಿ ಶುರು ಮಾಡಿದ ಮಂಗಾ, ಅಂದ್ರೆ ಕಾಮಿಕ್ಸ್ ಪುಸ್ತಕ. 1997-98ರಲ್ಲಿ ಟಿವಿಗೆ ಬಂತು. ಯುರೋಪಿನ ಮಧ್ಯಯುಗದ ಥರದ ಒಂದು ರಾಜ್ಯ, ಮಿಡ್‌ಲ್ಯಾಂಡ್ ಅಂತ. ಅಲ್ಲೊಂದು ಬಾಡಿಗೆ ಸೈನ್ಯ. ಅದರ ನಾಯಕ ಗ್ರಿಫಿತ್‌ಗೆ ಸ್ವಂತ ರಾಜ್ಯ ಕಟ್ಟೋ ಆಸೆ. ಗಟ್ಸ್ ಅವನ ಬಲಗೈ ಬಂಟ. ಕಾಸ್ಕಾ ಅನ್ನೋಳು ಇನ್ನೊಬ್ಬ ದಳಪತಿ. ಕೊನೆಗೆ ಗ್ರಹಣದ ದಿನ ಗ್ರಿಫಿತ್ ತನ್ನ ಇಡೀ ಸೈನ್ಯವನ್ನೇ ರಾಕ್ಷಸರಿಗೆ ಬಲಿ ಕೊಡ್ತಾನೆ.

ಶ್ರೀಧರ ದೊಡ್ಡಪ್ಪ: ಗ್ರಹಣ ಯಾವತ್ತು? ಒಂಟಿಕೊಪ್ಪಲ್ ಪಂಚಾಂಗದಲ್ಲಿ ಈ ತಿಂಗಳು ತೋರಿಸಿಲ್ಲವಲ್ಲ.

ಚಿನ್ಮಯಿ: ಅಪ್ಪ, ಅದು ಕಥೆಯೊಳಗಿನ ಗ್ರಹಣ. ನೀವು ಊಟ ಮಾಡಿ ಮಲಗಿ.

ಪ್ರಣವ: ಅಕ್ಕ, ಕೊನೆ ಬಿಡು. ಮೇಕಿಂಗ್ ಬಗ್ಗೆ ಹೇಳು. ನೀನು ದಿನಾ ಅದೇ ಕೆಲಸ ಮಾಡೋಳು.

ಚಿನ್ಮಯಿ: ಅದನ್ನೇ ಹೇಳೋಣ ಅಂತಿದ್ದೆ. ವಿಡಿಯೋದವನು ‘ಅನಿಮೇಷನ್ ಅದ್ಭುತ’ ಅಂತಾನೆ. ಸುಳ್ಳು. ಅನಿಮೇಷನ್ ತುಂಬ ಕಮ್ಮಿ ಇದೆ. ಗಟ್ಸ್ ಒಬ್ಬನೇ ನೂರು ಜನರ ಎದುರು ನಿಲ್ಲೋ ಕಾಳಗ ನೆನಪಿದೆಯಾ? ಅಲ್ಲಿ ನಿಜವಾಗಿ ಚಲಿಸೋದು ಎಷ್ಟು ಅಂತ ಗಮನಿಸು. ಒಂದು ಸ್ಥಿರಚಿತ್ರ, ಪೆನ್ಸಿಲ್ ಗೀರು ಕಾಣೋ ಹಾಗೆ ಬಣ್ಣ ತುಂಬಿದ್ದು, ಅದರ ಮೇಲೆ ಕ್ಯಾಮೆರಾ ನಿಧಾನಕ್ಕೆ ಜಾರತ್ತೆ. ಕತ್ತಿ ಬೀಸಿದ ಒಂದು ಗೆರೆ, ಶಬ್ದ, ಮತ್ತೆ ಸ್ಥಿರಚಿತ್ರ. ಜಪಾನಿನ ಟಿವಿ ಅನಿಮೆಯಲ್ಲಿ ಹಳೇ ಉಳಿತಾಯದ ಉಪಾಯ ಅದು.

ಚಿನ್ಮಯಿ: ಆದ್ರೆ ಇದೇ ಉಪಾಯ ಎಷ್ಟೋ ಕಡೆ ಕೈ ಹಿಡಿದಿದೆ. ಹಿಮದಲ್ಲಿ ಗಟ್ಸ್ ದಂಡು ಬಿಟ್ಟು ಹೊರಡೋ ದೃಶ್ಯ ನೋಡು. ಗ್ರಿಫಿತ್ ದಾರಿಗೆ ಅಡ್ಡ ನಿಂತು ಕತ್ತಿ ಹಿರೀತಾನೆ. ಇಬ್ಬರೂ ಅಲ್ಲಾಡಲ್ಲ. ಎಷ್ಟು ಹೊತ್ತು ಅಂದ್ರೆ, ಟಿವಿ ಹ್ಯಾಂಗ್ ಆಯ್ತಾ ಅನ್ಸತ್ತೆ. ಆಮೇಲೆ ಒಂದೇ ಏಟು. ಗ್ರಿಫಿತ್ ಕತ್ತಿ ಮುರಿಯತ್ತೆ, ಗಟ್ಸ್ ಕತ್ತಿ ಅವನ ಭುಜದ ಹತ್ತಿರ ಬಂದು ನಿಲ್ಲತ್ತೆ. ಗ್ರಿಫಿತ್ ಹಿಮದಲ್ಲಿ ಮಂಡಿಯೂರ್ತಾನೆ, ಗಟ್ಸ್ ಪಕ್ಕದಲ್ಲೇ ನಡ್ಕೊಂಡು ಹೋಗ್ತಾನೆ, ತಿರುಗಿ ನೋಡಲ್ಲ. ಅಲ್ಲಿ ಹತ್ತು ಏಟು ಹಾಕ್ಸಿದ್ರೆ ದೃಶ್ಯ ಕೆಟ್ಟೇ ಹೋಗ್ತಿತ್ತು.

ರಘು ಮಾಮ: ಇದನ್ನೇ ನಾನು ಹೇಳೋಕೆ ಹೊರಟಿದ್ದು. ನಿರ್ದೇಶಕ ನಾವೊಹಿಟೊ ತಕಹಾಶಿಗೆ ಯಾವಾಗ ಸುಮ್ಮನಿರಬೇಕು ಅನ್ನೋದು ಗೊತ್ತು. ಜೊತೆಗೆ ಸುಸುಮು ಹಿರಸಾವಾ ಸಂಗೀತ. ಕತ್ತಿ ಕುದುರೆ ಕಾಲದ ಕಥೆಗೆ ಸಿಂಥಸೈಜರ್ ಹಾಕಿದ್ದಾನೆ ಪುಣ್ಯಾತ್ಮ! ಬೇರೆಯವರಾಗಿದ್ರೆ ಕಹಳೆ, ನಗಾರಿ ಊದ್ಸಿ ಬಡಿಸಿ ಸಾಕು ಮಾಡಿಬಿಡ್ತಿದ್ರು.

ಚಿನ್ಮಯಿ: ಸಂಗೀತಕ್ಕೆ ನನ್ನ ತಕರಾರಿಲ್ಲ. ಶುರುವಿನ ಹಾಡಿಗೆ ಮಾತ್ರ ಇದೆ. ಯಾವುದೋ ಕಾಲೇಜ್ ಫೆಸ್ಟ್‌ಗೆ ಬಂದ ಬ್ಯಾಂಡ್ ಹಾಡಿದ ಹಾಗಿದೆ. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ.

ಪ್ರಣವ: ಅದನ್ನ ಯಾರೂ ಮುಟ್ಟಬೇಡಿ 😤 ನನ್ನ ರಿಂಗ್‌ಟೋನು.

ಪ್ರಣವ: ಹಾಗಾದ್ರೆ 2016ರ ಹೊಸ ಬರ್ಸರ್ಕ್ ಸರಣಿಯೇ ಚೆನ್ನಾಗಿದೆ ಅಂತೀಯಾ? ಅದರಲ್ಲಿ ಎಲ್ಲಾನೂ ಅಲ್ಲಾಡತ್ತೆ.

ಚಿನ್ಮಯಿ: ಎಲ್ಲಾನೂ ಅಲ್ಲಾಡೋದೇ ಅದರ ರೋಗ. ಎಲ್ಲರೂ ‘ಸಿಜಿ, ಸಿಜಿ’ ಅಂತ ಬೈತಾರೆ. ಸಿಜಿ, ಅಂದ್ರೆ ಕಂಪ್ಯೂಟರ್ ಗ್ರಾಫಿಕ್ಸ್, ತಪ್ಪಲ್ಲ, ಅನ್ನ ಹಾಕ್ತಿದೆ ನನಗೆ. ಅಲ್ಲಿ ತೂಕ ಇಲ್ಲ. ಅಷ್ಟು ಭಾರದ ಕತ್ತಿ ಎತ್ತೋನಿಗೆ ಮೊದಲು ಮೈ ಹಿಂದಕ್ಕೆ ಹೋಗಬೇಕು, ಹೆಜ್ಜೆ ಊರಬೇಕು, ಬೀಸಿದ ಮೇಲೆ ಕತ್ತಿಯೇ ಅವನನ್ನ ಎಳೀಬೇಕು. 2016ರ ಗಟ್ಸ್ ಅದನ್ನ ಪೊರಕೆ ಥರ ಬೀಸ್ತಾನೆ. ಕ್ಯಾಮೆರಾ ಕಾರಣವಿಲ್ಲದೆ ಗಿರಗಿರ ಸುತ್ತತ್ತೆ. ಮಿಯುರಾ ಪೆನ್ನಿನ ಗೀರು ನೆನಪಿಸೋಕೆ ಅಂತ ಮೈಮೇಲೆಲ್ಲ ಗೀರು ಅಂಟಿಸಿದ್ದಾರೆ, ಮುಖಕ್ಕೆ ಮಸಿ ಬಳಿದ ಹಾಗೆ ಕಾಣತ್ತೆ. ಶಬ್ದ ಕೇಳಿದ್ಯಾ? ಕತ್ತಿ ಮಾಂಸಕ್ಕೆ ತಗುಲಲಿ, ಎಲುಬಿಗೆ ತಗುಲಲಿ, ಠಣ್. ಠಣ್. ಠಣ್.

ರಘು ಮಾಮ: 2012-13ರ ಮೂರು ಸಿನಿಮಾ?

ಚಿನ್ಮಯಿ: ಗ್ರಹಣದ ಭಾಗ 97ಕ್ಕಿಂತ ಭಯಂಕರವಾಗಿ ಬಂದಿದೆ, ಒಪ್ತೀನಿ. ಆದ್ರೆ ಓಡ್ತಾರೆ ಮಾಮ. ಗಟ್ಸ್, ಕಾಸ್ಕಾ ರಾತ್ರಿ ನಿಂತು ಕೆಳಗೆ ಬಿಡಾರದ ಬೆಂಕಿಗಳನ್ನ ನೋಡ್ತಾ ಮಾತಾಡೋದು ಇದೆಯಲ್ಲ? ಒಂದೊಂದು ಬೆಂಕಿಯೂ ಒಬ್ಬೊಬ್ಬನ ಕನಸು, ಇಲ್ಲಿ ತನ್ನ ಬೆಂಕಿ ಯಾವುದೂ ಇಲ್ಲ ಅಂತ ಗಟ್ಸ್‌ಗೆ ಹೊಳೆಯೋದು ಅಲ್ಲೇ. ಸಿನಿಮಾದಲ್ಲಿ ಅದನ್ನೇ ಬಿಟ್ಟುಬಿಟ್ರು. 2022ರಲ್ಲಿ ಅದೇ ಸಿನಿಮಾಗಳನ್ನ 13 ಕಂತು ಮಾಡಿ ಟಿವಿಗೆ ಕೊಟ್ಟಾಗ ಸೇರಿಸಿದ್ರು. ಬಿಟ್ಟಿದ್ದು ತಪ್ಪು ಅಂತ ಅವರಿಗೇ ಅನ್ನಿಸಿರಬೇಕು.

ಪ್ರಣವ: ಅಂದ್ರೆ 97ರದ್ದೇ ಗೆದ್ದಿತು. ಥ್ಯಾಂಕ್ಸ್ ಅಕ್ಕ 🙏

ವಸುಧಾ ಅತ್ತೆ: ಗೆಲ್ಲೋ ಮೊದಲು ನಾನೂ ಒಂದು ಮಾತು ಹೇಳ್ಲಾ? ನಿಮ್ಮ ಮಾಮ ಹಾಲ್‌ನಲ್ಲಿ ಹಾಕ್ಕೊಂಡು ಕೂತಿದ್ದಾಗ ಅಡುಗೆಮನೆಯಿಂದ ಬಂದು ಹೋಗ್ತಾ ಶುರುವಾಯ್ತು, ಆಮೇಲೆ ಪಕ್ಕದಲ್ಲೇ ಕೂತು ಪೂರ್ತಿ ನೋಡಿದ್ದೀನಿ.

ಪ್ರಣವ: ಅತ್ತೆ!! ಗೊತ್ತೇ ಇರ್ಲಿಲ್ಲ. ಹೇಳಿ ಹೇಳಿ. ಗಟ್ಸ್–ಗ್ರಿಫಿತ್ ಅಂದ್ರೆ ಕರ್ಣ–ದುರ್ಯೋಧನ ಥರಾನೇ ಅಲ್ವಾ?

ವಸುಧಾ ಅತ್ತೆ: ಅಲ್ಲ. ಕರ್ಣ ಬಿಟ್ಟು ಹೋಗಲಿಲ್ಲ, ದುರ್ಯೋಧನ ಕರ್ಣನನ್ನ ಬಲಿ ಕೊಡಲಿಲ್ಲ. ಸಿಕ್ಕಿದ್ದಕ್ಕೆಲ್ಲ ಭಾರತ ಎಳೀಬೇಡ.

ವಸುಧಾ ಅತ್ತೆ: ಗ್ರಿಫಿತ್ ಪಾತ್ರ ಬರೆದಿರೋ ರೀತಿಗೆ ಕೈ ಮುಗೀತೀನಿ. ಅವನ ಮಾತಿನ ಮೇಲೆ ಗಟ್ಸ್ ರಾಜನ ತಮ್ಮ ಜೂಲಿಯಸ್‌ನನ್ನ ಕೊಲ್ಲೋಕೆ ಹೋಗ್ತಾನೆ, ನೋಡಿದ ಅಂತ ಗಾಬರಿಯಲ್ಲಿ ಜೂಲಿಯಸ್ ಮಗ, ಆ ಹುಡುಗ ಅಡೋನಿಸ್‌ನನ್ನೂ ಚುಚ್ಚಿಬಿಡ್ತಾನೆ. ಗಾಯ ಹೊತ್ತು ಗ್ರಿಫಿತ್‌ನ ಹುಡುಕ್ಕೊಂಡು ಬಂದ್ರೆ, ಅವನು ರಾಜಕುಮಾರಿ ಷಾರ್ಲೆಟ್ ಹತ್ರ ಮಾತಾಡ್ತಿದ್ದಾನೆ. ತನ್ನದೇ ಕನಸು ಇರೋನು ಮಾತ್ರ ತನಗೆ ಗೆಳೆಯ, ಹಿಂದೆ ಬರೋರು ಗೆಳೆಯರಲ್ಲ ಅನ್ನೋ ಅರ್ಥದ ಮಾತು. ಕೈಯಲ್ಲಿ ಇನ್ನೂ ಆ ಮಗುವಿನ ರಕ್ತ ಇರುವಾಗ ಅದು ಗಟ್ಸ್ ಕಿವಿಗೆ ಬೀಳತ್ತೆ. ಅವನು ದಂಡು ಬಿಡೋದು, ಗ್ರಿಫಿತ್ ತಲೆಕೆಟ್ಟು ಅರಮನೆಗೆ ನುಗ್ಗಿ ಷಾರ್ಲೆಟ್ ಕೋಣೆಯಲ್ಲಿ ಸಿಕ್ಕಿಬೀಳೋದು, ಒಂದು ವರ್ಷ ಗೋಪುರದಲ್ಲಿ ಚಿತ್ರಹಿಂಸೆ, ನಾಲಿಗೆ ಹೋಗೋದು, ಎಲ್ಲಾ ಅಲ್ಲಿಂದಾನೇ ಶುರು. ರಾಕ್ಷಸರು ಬರೋದಕ್ಕೆ ಮುಂಚೆ ಮನುಷ್ಯರೇ ಎಲ್ಲ ಮುಗಿಸಿರ್ತಾರೆ.

ರಘು ಮಾಮ: ಭೇಷ್. ರಾಣಿಯನ್ನ ಸುಟ್ಟ ಮೇಲೆ ‘ನನ್ನನ್ನ ಕ್ರೂರಿ ಅಂದ್ಕೊಂಡ್ಯಾ’ ಅನ್ನೋ ಥರ ಗಟ್ಸ್‌ನ ಕೇಳ್ತಾನಲ್ಲ, ಅದೂ ಸೇರಿಸು.

ವಸುಧಾ ಅತ್ತೆ: ರೀ, ಪಕ್ಕದ ರೂಮಲ್ಲಿ ಕೂತು ಭೇಷ್ ಅಂತ ಟೈಪ್ ಮಾಡ್ಬೇಡಿ. ನನ್ನ ಮಾತು ಮುಗಿದಿಲ್ಲ.

ವಸುಧಾ ಅತ್ತೆ: ನನ್ನ ತಕರಾರು ಕಾಸ್ಕಾದು. ವಿಡಿಯೋದವನು ಅವಳ ಹೆಸರನ್ನ ಎರಡು ಸಲ ಹೇಳ್ತಾನೆ, ಎರಡು ಸಲವೂ ‘ಗಟ್ಸ್‌ನ ಪ್ರೇಯಸಿ’ ಅಂತ. ಗ್ರಿಫಿತ್ ಗೋಪುರದಲ್ಲಿ ಕೊಳೀತಿದ್ದ ಆ ಒಂದು ವರ್ಷ ದಂಡನ್ನ ಉಳಿಸಿದವಳು ಯಾರು? ಅವಳೇ. ಅಲೆದಾಡ್ತಾ, ಹಸಿದು, ರಾಜದ್ರೋಹಿಗಳು ಅಂತ ಹೆಸರು ಹೊತ್ತು. ಅಂಥವಳನ್ನ ಕೊನೇ ಕಂತಲ್ಲಿ ಗಟ್ಸ್‌ಗೆ ನೋವು ಕೊಡೋ ಸಲಕರಣೆ ಮಾಡಿಬಿಟ್ರು. ಗ್ರಿಫಿತ್ ಫೆಮ್ಟೊ ಅನ್ನೋ ರಾಕ್ಷಸನಾಗಿ ಮಾಡೋ ಅತ್ಯಾಚಾರ ಗಟ್ಸ್ ನೋಡಲಿ ಅಂತ. ಕಣ್ಣು ಗಟ್ಸ್‌ದು, ಸಿಟ್ಟು ಗಟ್ಸ್‌ದು. ಅವಳಿಗೇನಾಯ್ತು ಅನ್ನೋದು ಅವಳ ಕಡೆಯಿಂದ ಒಂದು ಕ್ಷಣವೂ ಇಲ್ಲ.

ಪ್ರಣವ: ಅತ್ತೆ, ಅದನ್ನ ಹೇಸಿಗೆ ಹುಟ್ಟೋ ಹಾಗೇ ತೋರಿಸಿದ್ದಾರೆ. ರಂಜನೆಗೆ ಅಲ್ಲ.

ಚಿನ್ಮಯಿ: ಅರ್ಧ ನಿಜ. ಕ್ಯಾಮೆರಾ ಎಲ್ಲಿ ಇಟ್ಟಿದ್ದಾರೆ ಅಂತ ಇನ್ನೊಂದ್ಸಲ ನೋಡು, ಪ್ರಣವ. ಅವಳ ಮೈಮೇಲೆ ನಿಲ್ಲೋಷ್ಟು ಹೊತ್ತು ಮುಖದ ಮೇಲೆ ನಿಲ್ಲಲ್ಲ. ಅತ್ತೆ ಹೇಳಿದ್ದಕ್ಕೆ ನನ್ನ ಸಹಿ ಇದೆ.

ರಘು ಮಾಮ: ಇದು ಮಿಯುರಾ ಬರೆದಿದ್ದು. ಸರಣಿಯವರ ತಲೆಗೆ ಕಟ್ಟೋದು ನ್ಯಾಯ ಅಲ್ಲ.

ವಸುಧಾ ಅತ್ತೆ: ಸ್ಕಲ್ ನೈಟ್‌ನ ತೆಗೆಯೋಕೆ ಬಂತು, ಪಕ್‌ನ ತೆಗೆಯೋಕೆ ಬಂತು. ಇದೊಂದನ್ನ ಬೇರೆ ಥರ ತೋರಿಸೋಕೆ ಬರಲಿಲ್ವಾ?

(ರಘು ಮಾಮ ಟೈಪ್ ಮಾಡುತ್ತಿದ್ದಾರೆ… ನಿಲ್ಲಿಸಿದರು.)

ಚಿನ್ಮಯಿ: 😂 ಮಾಮ ಲಾಗೌಟ್.

ಪ್ರಣವ: ಮಂಗಾದಲ್ಲಿ ಕಾಸ್ಕಾ ಕಥೆ ಮುಂದುವರಿಯತ್ತೆ ಅತ್ತೆ. ಬುದ್ಧಿ ಕಳ್ಕೊಂಡವಳಿಗೆ ಮತ್ತೆ ನೆನಪು ಬರತ್ತೆ.

ಚಿನ್ಮಯಿ: ಬರತ್ತೆ, 2018ರಲ್ಲಿ! ಓದುಗರು 20 ವರ್ಷಕ್ಕೂ ಮೇಲೆ ಕಾದ್ರು. ಅಷ್ಟು ಕಾಲ ಅವಳು ಮಾತಿಲ್ಲದ ಹೊರೆ, ಗಟ್ಸ್ ಹೊತ್ಕೊಂಡು ತಿರುಗೋದು. ಅವಳು ಮಾತಾಡೋಕೆ ಶುರು ಮಾಡಿದ ಮೂರೇ ವರ್ಷಕ್ಕೆ, 2021ರ ಮೇನಲ್ಲಿ, ಮಿಯುರಾ ಹೋಗಿಬಿಟ್ರು. 54 ವರ್ಷ ಅಷ್ಟೆ.

ರಘು ಮಾಮ: ಈಗ ಅವರ ಗೆಳೆಯ ಕೌಜಿ ಮೊರಿ, ಮಿಯುರಾ ಶಿಷ್ಯರ ಸ್ಟುಡಿಯೋ ಗಾಗಾ ಸೇರಿ ಮುಂದುವರಿಸ್ತಿದ್ದಾರೆ, 2022ರಿಂದ. ಕಥೆ ಕೊನೆವರೆಗೂ ಮಿಯುರಾ ತನಗೆ ಹೇಳಿದ್ದ ಅಂತ ಮೊರಿ ಬರೆದಿದ್ದಾರೆ. ಅವನು ಹೇಳಿದ್ದನ್ನ ಬಿಟ್ಟು ಬೇರೇನೂ ಸೇರಿಸಲ್ಲ ಅಂತಾನೂ.

ಪ್ರಣವ: ಮಾಮ ವಾಪಸ್! ಸರಿ, ಹಾಗಾದ್ರೆ ಮಾರ್ಕ್ಸ್ ಹೇಳಿ ಎಲ್ಲರೂ.

ಚಿನ್ಮಯಿ: ಮಾರ್ಕ್ಸ್ ಕೊಡಲ್ಲ. ಯಾರಾದ್ರೂ ಹೊಸಬರು ಕೇಳಿದ್ರೆ 97ರದ್ದೇ ನೋಡಿ ಅಂತೀನಿ. ‘ಕೊನೆ ಇಲ್ಲ, ಕಾಸ್ಕಾ ವಿಷಯದಲ್ಲಿ ಸಿಟ್ಟು ಬರತ್ತೆ’ ಅಂತ ಮೊದಲೇ ಹೇಳಿಬಿಟ್ಟು.

ವಸುಧಾ ಅತ್ತೆ: ದೊಡ್ಡವರು ಏನಾದ್ರೂ ನೋಡ್ಕೊಳ್ಳಿ. ನಮ್ಮ ಆದರ್ಶನಿಗೆ ಯಾರೂ ಲಿಂಕ್ ಕಳಿಸಬೇಡಿ. ಹತ್ತನೇ ಕ್ಲಾಸು ಅವನು.

ಶ್ರೀಧರ ದೊಡ್ಡಪ್ಪ: ಭಾನುವಾರ ಅಜ್ಜನ ತಿಥಿಗೆ ಎಷ್ಟು ಎಲೆ ಅಂತ ಯಾರೂ ಹೇಳಿಲ್ಲ. ಅಡುಗೆಯವರು ಕೇಳ್ತಿದ್ದಾರೆ.

ರಘು ಮಾಮ: ನಾವು ಮೂರು ಜನ ಬರ್ತೀವಿ ಭಾವ.

ಆದರ್ಶ: ಅಮ್ಮ, ನಾನೂ ಇದೇ ಗ್ರೂಪಲ್ಲಿದ್ದೀನಿ.

ಆದರ್ಶ: ಮಂಗಾ 13ನೇ ಸಂಪುಟದವರೆಗೂ ಓದಾಗಿದೆ. ಕಾಸ್ಕಾ ವಿಷಯದಲ್ಲಿ ನೀನು ಹೇಳಿದ್ದು ಸರಿ. ಆ ಪುಟಗಳನ್ನ ಸರಿಯಾಗಿ ನೋಡ್ದೆ ತಿರುಗಿಸಿಬಿಟ್ಟೆ. ಆದ್ರೆ ಅವಳನ್ನ ಮೆಚ್ಚಿದ್ದ ದಂಡಿನ ಜುಡೊ ಅವಳಿಗೆ ಒಂದು ಮಾತೂ ಹೇಳದೆ ಸಾಯೋದನ್ನ ಯಾರೂ ಹೇಳ್ಲೇ ಇಲ್ವಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಅದು.

ವಸುಧಾ ಅತ್ತೆ: ಪುಸ್ತಕ ಯಾರು ಕೊಡಿಸಿದ್ದು?

(ರಘು ಮಾಮ ಟೈಪ್ ಮಾಡುತ್ತಿದ್ದಾರೆ…)

ವಸುಧಾ ಅತ್ತೆ: ಟೈಪ್ ಮಾಡೋದು ಬೇಡ. ಇಬ್ಬರೂ ಹಾಲ್‌ಗೆ ಬನ್ನಿ.